ಹಳೆಯ ಕಥೆಯೂ ಅಭಿಮಾನಿಯ ಹಕ್ಕೂ

ಬಹುಜನರು ಮೆಚ್ಚಿ ಮನಸ್ಸಿನಲ್ಲಿಟ್ಟುಕೊಂಡ ಕಥೆಯೊಂದನ್ನು ಬೇರೊಬ್ಬರು ಬೇರೊಂದು ಕಾಲದಲ್ಲಿ ಹೊಸದಾಗಿ ಕಟ್ಟಹೊರಟಾಗ, ಮೊದಲಿನದನ್ನು ಮೆಚ್ಚಿದವರಿಗೆ ಅದನ್ನು ಬೇಡವೆನ್ನುವ ಹಕ್ಕುಂಟೆ? ಪ್ರಶ್ನೆಯು ಮೇಲುನೋಟಕ್ಕೆ ವಿನೋದದ ವರ್ಗಕ್ಕೆ ಸೇರಿದ್ದಾಗಿ ಕಾಣುತ್ತದೆ. ದೂರದರ್ಶನದ ಧಾರಾವಾಹಿಯೊಂದರ ವಿಷಯವಾಗಿ ತಲೆ ನರೆತವರು ಕೂಡ ಮುಖ ಕೆಂಪಗೆ ಮಾಡಿಕೊಂಡು ವಾದಿಸುವುದನ್ನು ಕಂಡವರು ನಕ್ಕು ಮುಂದೆ ಹೋಗುವುದೇ ಹೆಚ್ಚು. ಆದರೆ ಜನರು ಯಾವುದಕ್ಕಾಗಿ ಸಿಟ್ಟಾಗುತ್ತಾರೋ ಅಲ್ಲಿ ಅವರು ಬೆಲೆಯಿಟ್ಟ ವಸ್ತುವೊಂದು ಇದ್ದೇ ಇರಬೇಕು. ಅದು ಯಾವುದೆಂದು ವಿಚಾರಿಸುವುದು ವ್ಯರ್ಥವಾಗಲಾರದು.

ಬೆಂಗಳೂರಿನ ಪಶ್ಚಿಮಭಾಗದ ಅತ್ತಿಗುಪ್ಪೆ, ವಿಜಯನಗರ, ರಾಜಾಜಿನಗರಗಳಲ್ಲಿ ೧೯೮೦ರ ದಶಕದಲ್ಲಿ ಬಾಲ್ಯವನ್ನು ಕಳೆದವರಿಗೆ ದೂರದರ್ಶನವೆಂದರೆ ಬೀದಿಗೆ ನಾಲ್ಕಾರು ಮನೆಗಳಲ್ಲಿದ್ದ ಪೆಟ್ಟಿಗೆ. ಮಾಳಿಗೆಯ ಮೇಲೆ ಆಂಟೆನಾ. ಗಾಳಿ ಬೀಸಿದಾಗ ಒಬ್ಬನು ಮೇಲೆ ಹತ್ತಿ ಅದನ್ನು ತಿರುಗಿಸುವುದು, ಕೆಳಗಿನವರು ‘ಬಂತು, ಬಂತು, ಇನ್ನು ಬಿಡು’ ಎಂದು ಕೂಗುವುದು. ಆ ದಶಕದ ಭಾನುವಾರಗಳ ಬೆಳಗ್ಗೆ ‘ಸ್ಟಾರ್ ಟ್ರೆಕ್’ ಎಂಬ ವಿಜ್ಞಾನಕಥೆಯ ಮಾಲೆ ಪ್ರಸಾರವಾಗುತ್ತಿತ್ತು. ಅದು ಅಮೆರಿಕದಲ್ಲಿ ೧೯೬೬ರಿಂದ ೧೯೬೯ರ ವರೆಗೆ ನಡೆದದ್ದು. ಇಲ್ಲಿಯವರು ಅದನ್ನು ಕಾಣುವ ಹೊತ್ತಿಗೆ ತನ್ನ ನಾಡಿನಲ್ಲಿ ಹಳತಾಗಿಹೋಗಿತ್ತು. ಇಂಗ್ಲಿಷು ಅರ್ಧಕ್ಕರ್ಧ ತಿಳಿಯದ ಮಕ್ಕಳಿಗೂ ಚೂಪುಕಿವಿಯ ಸ್ಪಾಕ್ ನೆರೆಮನೆಯವನಷ್ಟು ಪರಿಚಿತನಾದನು. ೨೦೦೯ರಲ್ಲಿ ಅವೇ ಪಾತ್ರಗಳಿಗೆ ಹೊಸ ನಟರನ್ನು ಹಾಕಿ ಚಲನಚಿತ್ರ ಬಂದಾಗ ಆ ಮಕ್ಕಳು ನಡುವಯಸ್ಸನ್ನು ಸಮೀಪಿಸಿದ್ದರು. ‘ಇವನು ಸ್ಪಾಕ್ ಹೇಗಾದಾನು?’ ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು. ಚಿತ್ರವನ್ನು ತಯಾರಿಸಿದವರು ಜಾಣರು. ಹಿಂದೆ ಆ ಪಾತ್ರವನ್ನು ವಹಿಸಿದ್ದ ಲೆನರ್ಡ್ ನಿಮಾಯ್ ಅವರನ್ನೇ ಕರೆತಂದು, ಮುದುಕನಾದ ಸ್ಪಾಕ್ ಎಂದು ಹೊಸ ಸ್ಪಾಕನ ಎದುರಿಗೆ ನಿಲ್ಲಿಸಿದರು. ಮನೆಯ ಹಿರಿಯನೇ ಒಪ್ಪಿಕೊಂಡ ಮೇಲೆ ನೆಂಟರು ಏನೆಂದಾರು?

ಎಲ್ಲ ಕಡೆಯೂ ಹೀಗೆ ಸುಲಭವಾಗಿ ತೀರಲಿಲ್ಲ. ‘ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ’ ಎಂಬ ಮಾಲೆಯ ಜಗಳ ಇದಕ್ಕೆ ಪ್ರಸಿದ್ಧವಾದ ಉದಾಹರಣೆ. ಯಂತ್ರಸೈನ್ಯದಿಂದ ನಾಶವಾದ ಮಾನವಕುಲದಲ್ಲಿ ಅಳಿದುಳಿದವರು ಒಂದು ಯುದ್ಧನೌಕೆಯ ಆಸರೆಯಲ್ಲಿ ಭೂಮಿಯನ್ನು ಹುಡುಕುತ್ತ ಆಕಾಶದಲ್ಲಿ ಅಲೆಯುವುದೇ ಅದರ ಕಥೆ. ೧೯೭೮ರಲ್ಲಿ ಗ್ಲೆನ್ ಲಾರ್ಸನ್ ಅವರು ಆರಂಭಿಸಿದ ಆ ಮಾಲೆ ೧೯೭೯ರಲ್ಲೇ ನಿಂತುಹೋಯಿತು; ನೋಡಿದವರ ಮನಸ್ಸಿನಲ್ಲಿ ಮಾತ್ರ ಕಾಲು ಶತಮಾನ ನಡೆಯಿತು. ೨೦೦೩ರಲ್ಲಿ ರೊನಾಲ್ಡ್ ಮೂರ್ ಅವರು ಅದನ್ನು ಹೊಸದಾಗಿ ಬರೆದಾಗ, ಚುರುಟು ಸೇದುವ ವಿಲಾಸಿ ಯೋಧನಾಗಿದ್ದ ಸ್ಟಾರ್‌ಬಕ್ ಹೆಣ್ಣಾದನು. ಲೋಹದ ಯಂತ್ರಗಳು ಮನುಷ್ಯರಿಂದ ಬೇರ್ಪಡಿಸಲಾಗದ ರೂಪವನ್ನು ತಾಳಿದವು. ಹಳೆಯ ಸ್ಟಾರ್‌ಬಕ್ ಆಗಿದ್ದ ಡರ್ಕ್ ಬೆನೆಡಿಕ್ಟ್ ಅವರು ಇದನ್ನು ಖಂಡಿಸಿ ಉಗ್ರವಾದ ಲೇಖನವನ್ನೇ ಬರೆದರು. ಅಭಿಮಾನಿಗಳಲ್ಲಿ ಅನೇಕರು ಅವರ ಪಕ್ಷ.

ಇನ್ನೊಬ್ಬ ನಟರ ನಡತೆ ಇದಕ್ಕಿಂತ ವಿಚಾರಾರ್ಹವಾದುದು. ಅಪೊಲೊ ಎಂಬ ನಾಯಕನ ಪಾತ್ರದಲ್ಲಿದ್ದ ರಿಚರ್ಡ್ ಹ್ಯಾಚ್ ಅವರು ಹಳೆಯ ಕಥೆಯನ್ನು ನಿಂತಲ್ಲಿಂದಲೇ ಮುಂದುವರಿಸಬೇಕೆಂದು ಪಟ್ಟುಹಿಡಿದು, ೧೯೯೦ರ ದಶಕದ ಕೊನೆಯಲ್ಲಿ ಸ್ವಂತ ಹಣವನ್ನು ಹಾಕಿ ಅದರ ಮಾದರಿಗೆಂದು ಒಂದು ಕಿರುಚಿತ್ರವನ್ನು ತಯಾರಿಸಿದ್ದರು. ಹೊಸ ಮಾಲೆಯ ಯೋಜನೆ ಬಂದಾಗ ಬಹಿರಂಗವಾಗಿ ವಿರೋಧಿಸಿದವರಲ್ಲಿ ಅವರೂ ಒಬ್ಬರು. ಹೀಗಿದ್ದೂ ಕೊನೆಗೆ ಆ ಹೊಸ ಮಾಲೆಯಲ್ಲಿಯೇ ಟಾಮ್ ಜ಼ಾರೆಕ್ ಎಂಬ ಬಂಡಾಯಗಾರನ ಪಾತ್ರವನ್ನು ವಹಿಸಿದರು. ಆಳುವವರ ಅಧಿಕಾರವನ್ನೇ ಒಪ್ಪದೆ ಸೆರೆಯಲ್ಲಿದ್ದವನ ಪಾತ್ರ! ಇದನ್ನು ಶರಣಾಗತಿ ಎಂದವರುಂಟು. ಹಾಗೆನ್ನುವುದು ನ್ಯಾಯವಲ್ಲ. ಇಪ್ಪತ್ತು ವರ್ಷ ಒಂದು ಕಥೆಯನ್ನು ಕಾದವನು, ಅದು ತಾನು ಬಯಸಿದ ರೂಪದಲ್ಲಿ ಬರಲಿಲ್ಲವೆಂದು ಬಾಗಿಲು ಹಾಕಿಕೊಳ್ಳುವುದಕ್ಕಿಂತ, ಒಳಗೆ ಹೋಗಿ ತನ್ನ ವಿರೋಧವನ್ನೇ ಒಂದು ಪಾತ್ರವಾಗಿ ಆಡಿದ್ದು ದೊಡ್ಡತನ.

ಅಭಿಮಾನಿಗಳ ಮೊದಲ ಆಕ್ಷೇಪಣೆ ಸಾಮಾನ್ಯವಾಗಿ ಹೆಸರನ್ನು ಕುರಿತದ್ದು. ‘ಹೊಸ ಕಥೆಯನ್ನು ಹೇಳುವುದಾದರೆ ಹೇಳಲಿ, ಹಳೆಯ ಹೆಸರೇಕೆ?’ ಎಂಬುದು. ಮಾತು ಹುರುಳಿಲ್ಲದ್ದಲ್ಲ, ಹೆಸರಿನ ಬೆನ್ನ ಹಿಂದೆ ವ್ಯಾಪಾರದ ಲೆಕ್ಕವಿರುತ್ತದೆಂಬುದು ಎಲ್ಲರೂ ಬಲ್ಲ ಸಂಗತಿ. ಆದರೆ ಹೆಸರು ಒಂದೇ ವಸ್ತುವಿಗೆ ಕಟ್ಟಿಬಿದ್ದಿರುವುದು ಎಲ್ಲಿ? ಅತ್ತಿಗುಪ್ಪೆಯ ಹೆಸರಿನಲ್ಲಿ ಅತ್ತಿಯಿದೆ; ಇಂದು ಅಲ್ಲಿ ಇಳಿಯುವವರು ಅತ್ತಿಯ ಮರವನ್ನು ಹುಡುಕುವುದಿಲ್ಲ, ೨೦೧೫ರಿಂದ ಅಲ್ಲಿ ನಿಲ್ಲುತ್ತಿರುವ ಮೆಟ್ರೋ ಗಾಡಿಯನ್ನು ಹುಡುಕುತ್ತಾರೆ. ಪಕ್ಕದ ವಿಜಯನಗರದಲ್ಲಿ ನಿಂತು ವಿರೂಪಾಕ್ಷನ ಗೋಪುರವೆಲ್ಲಿ ಎಂದು ಯಾರೂ ಕೇಳಿದ್ದಿಲ್ಲ. ಗ್ಯಾಲಕ್ಟಿಕಾದ ಹೊಸ ಕಥೆಯಲ್ಲಿ ಇನ್ನೂ ಒಂದು ಸ್ವಾರಸ್ಯವುಂಟು. ಅಲ್ಲಿನ ಮನುಷ್ಯರೂಪದ ಯಂತ್ರಗಳು ಸತ್ತರೆ ಹಿಂದಿನ ನೆನಪೆಲ್ಲವನ್ನೂ ಹೊತ್ತು ಹೊಸ ದೇಹದಲ್ಲಿ ಕಣ್ಣು ತೆರೆಯುತ್ತವೆ. ಹಾಗೆ ಎದ್ದದ್ದು ಹಿಂದಿನದೇ, ಬೇರೆಯದೇ ಎಂದು ಆ ಕಥೆಯ ಜನ ತಳಮಳಗೊಳ್ಳುತ್ತಾರೆ. ಅಭಿಮಾನಿಗಳು ಹೊರಗೆ ನಿಂತು ಮಾಲೆಯ ವಿಷಯವಾಗಿ ಕೇಳುತ್ತಿದ್ದ ಪ್ರಶ್ನೆಯನ್ನೇ ಮಾಲೆಯು ಒಳಗೆ ಕೇಳುತ್ತಿತ್ತು.

ಕನ್ನಡಿಗರಿಗೆ ಇದರ ಹತ್ತಿರದ ಅನುಭವ ‘ಮಾಲ್ಗುಡಿ ಡೇಸ್’. ೧೯೮೦ರ ದಶಕದ ನಡುವಣ ವರ್ಷಗಳಲ್ಲಿ ಶಂಕರ್ ನಾಗ್ ಅವರು ಆಗುಂಬೆಯಲ್ಲಿ ಬೀಡುಬಿಟ್ಟು ಚಿತ್ರಿಸಿದ ಆ ಮಾಲೆಯನ್ನು ನೋಡದ ಮನೆಯಿರಲಿಲ್ಲವೆಂದರೆ ಅತಿಶಯೋಕ್ತಿ ಸ್ವಲ್ಪವೇ. ಮಾಸ್ಟರ್ ಮಂಜುನಾಥ್ ಅವರ ಸ್ವಾಮಿ, ತಂದೆಯಾಗಿ ಗಿರೀಶ್ ಕಾರ್ನಾಡ್, ತಾಯಿಯಾಗಿ ವೈಶಾಲಿ ಕಾಸರವಳ್ಳಿ, ಎಲ್. ವೈದ್ಯನಾಥನ್ ಅವರ ಸಂಗೀತ, ಆರ್. ಕೆ. ಲಕ್ಷ್ಮಣ್ ಅವರ ರೇಖಾಚಿತ್ರಗಳು: ಇವೆಲ್ಲ ಕೂಡಿ ಒಂದು ಊರೇ ನಿಂತಿತು. ೧೯೯೦ರ ಸೆಪ್ಟೆಂಬರ್ ೩೦ರಂದು ಶಂಕರ್ ನಾಗ್ ಅವರು ದಾವಣಗೆರೆಯ ಬಳಿ ಅಪಘಾತದಲ್ಲಿ ತೀರಿಹೋದ ಮೇಲೆ ಆ ಊರಿಗೆ ದುಃಖದ ಒಂದು ಪ್ರಭೆಯೂ ಬಂದು ಸೇರಿತು. ೨೦೦೬ರಲ್ಲಿ ಕವಿತಾ ಲಂಕೇಶ್ ಅವರ ನಿರ್ದೇಶನದಲ್ಲಿ ಹೊಸ ಕಂತುಗಳು ಪ್ರಸಾರವಾದವು. ಅವು ಹಳೆಯದರ ಮರುಕೃತಿಯಲ್ಲ, ಮುಂದುವರಿಕೆ. ಆದರೂ ಮಡಿದವನ ಊರಿಗೆ ಇನ್ನೊಬ್ಬರು ಕಾಲಿಟ್ಟರೆಂದು ಅನಿಸದ ಅಭಿಮಾನಿ ವಿರಳ.

ಹೀಗೆ ಅನಿಸುವವರು ಒಂದನ್ನು ಮರೆಯುತ್ತಾರೆ. ಅವರು ಮೂಲವೆಂದು ಕಾಯುತ್ತಿರುವುದು ತಾನೇ ಒಂದು ಪುನಃಸೃಷ್ಟಿ. ಆರ್. ಕೆ. ನಾರಾಯಣ್ ಅವರು ಇಂಗ್ಲಿಷಿನಲ್ಲಿ ಬರೆದ ಸ್ವಾಮಿಯ ಕಾದಂಬರಿ ಪ್ರಕಟವಾದದ್ದು ೧೯೩೫ರಲ್ಲಿ. ಆ ಪುಸ್ತಕದ ಸರಯೂ ತೀರದ ಕಲ್ಪನೆಯ ಊರನ್ನು ಶಂಕರ್ ನಾಗ್ ಅವರು ಮಲೆನಾಡಿನ ಮಳೆಗೆ ತಂದರು, ಪಾತ್ರಗಳ ಬಾಯಲ್ಲಿ ಹಿಂದಿಯನ್ನು ಆಡಿಸಿದರು, ಓದಿದವರು ತಂತಮ್ಮ ಮನಸ್ಸಿನಲ್ಲಿ ಚಿತ್ರಿಸಿಕೊಂಡಿದ್ದ ಸ್ವಾಮಿಗೆ ಒಂದೇ ಮುಖವನ್ನು ಕೊಟ್ಟು ನಿಲ್ಲಿಸಿದರು. ಇಂಗ್ಲಿಷಿನಲ್ಲಿ ಹುಟ್ಟಿ ಹಿಂದಿಯಲ್ಲಿ ಬೆಳೆದ ಈ ಹುಡುಗನನ್ನು ಕನ್ನಡಿಗರು ತಮ್ಮವನೆಂದೇ ಎತ್ತಿಕೊಂಡರು, ತಪ್ಪೇನೂ ಆಗಲಿಲ್ಲ. ೧೯೩೫ರ ಓದುಗನೊಬ್ಬನು ಅಂದು ಅಭಿಮಾನದ ಹಕ್ಕನ್ನು ಚಲಾಯಿಸಿ ತಡೆದಿದ್ದರೆ ಆಗುಂಬೆಯ ಮಾಲ್ಗುಡಿ ಹುಟ್ಟುತ್ತಲೇ ಇರಲಿಲ್ಲ.

ಇನ್ನೂ ಹಿಂದೆ ಹೋದರೆ ಕನ್ನಡ ಸಾಹಿತ್ಯದ ಆರಂಭವೇ ಈ ತಪ್ಪಿನಿಂದ ಎನ್ನಬೇಕಾಗುತ್ತದೆ. ಪಂಪನು ವ್ಯಾಸರ ಕಥೆಯನ್ನು ತೆಗೆದುಕೊಂಡು ತನ್ನ ದೊರೆ ಅರಿಕೇಸರಿಯನ್ನು ಅರ್ಜುನನಲ್ಲಿ ಸೇರಿಸಿದನು; ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆಮಾಡಿದನು. ಸ್ಟಾರ್‌ಬಕ್ ಹೆಣ್ಣಾದದ್ದು ಇದರ ಮುಂದೆ ಏನು ದೊಡ್ಡ ಮಾತು? ಪಂಪನ ಕಾವ್ಯದ ಕೊನೆಯ ಭಾಗದಿಂದ ರನ್ನನು ತನ್ನ ಗದಾಯುದ್ಧವನ್ನು ಎತ್ತಿದನು. ನಾಗಚಂದ್ರನು ರಾವಣನನ್ನು ಮರುಕಕ್ಕೆ ಪಾತ್ರನಾಗುವಂತೆ ಮಾಡಿದನು. ಇವರಲ್ಲಿ ಯಾರೂ ಹಳೆಯದನ್ನು ನಕಲುಮಾಡಲಿಲ್ಲ. ಯಾರೂ ಅದನ್ನು ಅವಮಾನಿಸಲಿಲ್ಲ. ಹಿಂದಿನವನು ಎತ್ತಿದ ಪ್ರಶ್ನೆಯನ್ನು ಮತ್ತೆ ಎತ್ತುವಷ್ಟು ಶಕ್ತಿ ತಮಗಿದೆಯೇ ಎಂದು ತೂಗಿ ನೋಡಿಕೊಂಡರು. ಮರುಕಟ್ಟುವವನ ಮೇಲಿರುವ ಭಾರ ಇಷ್ಟೆ, ಆದರೆ ಇದು ಹಗುರವಾದ ಭಾರವಲ್ಲ. ಉಡುಪನ್ನೂ ಹೆಸರನ್ನೂ ಮಾತ್ರ ತೆಗೆದುಕೊಂಡು ಪ್ರಶ್ನೆಯನ್ನು ಬಿಟ್ಟುಬಂದವರ ಕೃತಿಗಳು ಅಭಿಮಾನಿಗಳ ಶಾಪವಿಲ್ಲದೆಯೇ ಎರಡು ವಾರದಲ್ಲಿ ಮರೆತುಹೋಗುತ್ತವೆ.

ಬಣ್ಣ ಹಾಕುವ ವಿಷಯ ಬೇರೆ. ಹುಣಸೂರು ಕೃಷ್ಣಮೂರ್ತಿಯವರ ೧೯೬೫ರ ‘ಸತ್ಯಹರಿಶ್ಚಂದ್ರ’ ಕಪ್ಪುಬಿಳುಪಿನ ಚಿತ್ರ. ೧೯೪೩ರಲ್ಲಿಯೇ ಅದೇ ಹೆಸರಿನ ಕನ್ನಡ ಚಿತ್ರವೊಂದು ಬಂದಿತ್ತು. ಎರಡನೆಯದು ಬಂದುದರಿಂದ ಮೊದಲನೆಯದಕ್ಕೆ ಅಪಚಾರವಾಯಿತೆಂದು ಹೇಳುವವರಿಲ್ಲ, ರಾಘವಾಂಕನಿಗೆ ಅಪಚಾರವಾಯಿತೆನ್ನುವವರಂತೂ ಇಲ್ಲವೇ ಇಲ್ಲ. ೨೦೦೮ರಲ್ಲಿ ೧೯೬೫ರ ಆ ಚಿತ್ರಕ್ಕೇ ಯಂತ್ರದ ಸಹಾಯದಿಂದ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದರು. ಆ ಹೊತ್ತಿಗೆ ನಿರ್ದೇಶಕರೂ ಇರಲಿಲ್ಲ, ಹರಿಶ್ಚಂದ್ರನಾಗಿದ್ದ ರಾಜಕುಮಾರ್ ಅವರೂ ಇರಲಿಲ್ಲ. ಹೊಸ ತಲೆಮಾರಿನವರು ಚಿತ್ರಮಂದಿರಕ್ಕೆ ಬಂದು ನೋಡಲು ಇದರಿಂದ ಅವಕಾಶವಾಯಿತೆಂಬುದು ನಿಜ. ಆದರೂ ಹೊಸ ನಟರನ್ನು ಕೂಡಿಸಿ ಹೊಸದಾಗಿ ಹೇಳುವವನು ತನ್ನ ಗೋಡೆಗೆ ಬಣ್ಣ ಬಳಿಯುತ್ತಾನೆ. ಇಲ್ಲಿ ಬಳಿದದ್ದು ಅನ್ಯರ ಗೋಡೆಗೆ. ಶ್ಮಶಾನದ ದೃಶ್ಯದ ಕತ್ತಲೆಯನ್ನು ಕಪ್ಪುಬಿಳುಪಿಗೆಂದೇ ಲೆಕ್ಕಹಾಕಿ ಬೆಳಕನ್ನಿಟ್ಟ ಛಾಯಾಗ್ರಾಹಕನ ಕೈಕೆಲಸದ ಮೇಲೆ ಇನ್ನೊಂದು ಕೈ ಆಡಿತು. ಕಪ್ಪುಬಿಳುಪಿನ ಪ್ರತಿಯೂ ನೋಡುವವರಿಗೆ ಸಿಕ್ಕುತ್ತಿರುವ ತನಕ ಇದನ್ನು ಕ್ಷಮಿಸಬಹುದು. ಅದು ಸಿಕ್ಕದಂತಾದ ದಿನ ಕ್ಷಮಿಸಲಾಗದು.

ಅಭಿಮಾನಿಯ ನ್ಯಾಯವಾದ ಹಕ್ಕು ಈ ಕೊನೆಯ ಮಾತಿನಲ್ಲಿದೆ. ಹೊಸದು ಬಂದಾಗ ಅವನಿಗಾಗುವ ನೋವಿನ ಬಹುಭಾಗ ಕೃತಿಯದಲ್ಲ, ಕಾಲದ್ದು. ಮಾಳಿಗೆಯ ಮೇಲೆ ಆಂಟೆನಾ ತಿರುಗಿಸುತ್ತಿದ್ದ ಅಣ್ಣ, ಕಾಫಿಯ ಲೋಟ ಹಿಡಿದು ಬಾಗಿಲಲ್ಲೇ ನಿಂತು ನೋಡುತ್ತಿದ್ದ ಅತ್ತೆ, ಒಂದೇ ಚಾಪೆಯ ಮೇಲೆ ಕೂತಿದ್ದ ಬೀದಿಯ ಹುಡುಗರು, ಇವರನ್ನು ಯಾವ ನಿರ್ಮಾಪಕನೂ ಮತ್ತೆ ತಯಾರಿಸಲಾರನು. ಆ ನೋವು ಗೌರವಕ್ಕೆ ಅರ್ಹವಾದದ್ದೇ. ಆದರೆ ಅದರ ಬಲದಿಂದ ಇನ್ನೊಬ್ಬರ ಕೈ ಕಟ್ಟುವುದಾಗುವುದಿಲ್ಲ. ಹಳೆಯದನ್ನು ಅಳಿಸಬೇಡಿರೆಂದು ಕೇಳುವುದಕ್ಕೆ ಮಾತ್ರ ಅವನಿಗೆ ಪೂರ್ಣಾಧಿಕಾರವುಂಟು. ಅಳಿಸುವವರು ಇದ್ದಾರೆಂಬುದೂ ಸುಳ್ಳಲ್ಲ. ‘ಗ್ಯಾಸ್‌ಲೈಟ್’ ಎಂಬ ಚಿತ್ರ ೧೯೪೦ರಲ್ಲಿ ಇಂಗ್ಲೆಂಡಿನಲ್ಲಿ ತಯಾರಾಗಿತ್ತು. ೧೯೪೪ರಲ್ಲಿ ಹಾಲಿವುಡ್ಡಿನ ದೊಡ್ಡ ಸಂಸ್ಥೆಯೊಂದು ಅದನ್ನು ಮತ್ತೆ ತಯಾರಿಸಿದಾಗ, ಮೊದಲಿನದರ ಪ್ರತಿಗಳನ್ನೆಲ್ಲ ನಾಶಮಾಡಿಸಲು ಯತ್ನಿಸಿತೆಂದು ಹೇಳುತ್ತಾರೆ. ಹಳೆಯದು ಹೇಗೋ ಉಳಿದುಕೊಂಡಿತು.

ಕನ್ನಡಕ್ಕೆ ಆ ಅದೃಷ್ಟವೂ ಇಲ್ಲ. ಕನ್ನಡದ ಮೊದಲ ವಾಕ್‌ಚಿತ್ರ, ೧೯೩೪ರ ‘ಸತಿ ಸುಲೋಚನಾ’, ಇಂದು ಒಂದು ಪ್ರತಿಯೂ ಉಳಿದಿಲ್ಲ. ಅದನ್ನು ಯಾವ ಪ್ರತಿಸ್ಪರ್ಧಿಯೂ ಕೊಲ್ಲಲಿಲ್ಲ. ಕಾಪಾಡುವವರಿಲ್ಲದೆ ಅದು ತಾನಾಗಿ ಸತ್ತಿತು. ಅದರ ಕಥೆಯನ್ನು ನಾಳೆ ಯಾರು ಹೇಗೆ ಬೇಕಾದರೂ ತೆಗೆಯಲಿ, ‘ಹಳೆಯದು ಹೀಗಿರಲಿಲ್ಲ’ ಎಂದು ಎದ್ದು ಹೇಳುವ ಅಭಿಮಾನಿಯೊಬ್ಬನೂ ಇರಲಾರನು.

ಇಂಗ್ಲೆಂಡಿನಲ್ಲಿ ೧೯೬೩ರಲ್ಲಿ ಆರಂಭವಾದ ‘ಡಾಕ್ಟರ್ ಹೂ’ ಎಂಬ ವಿಜ್ಞಾನಕಥೆಯ ಮಾಲೆಗೂ ಹೆಚ್ಚುಕಡಮೆ ಇದೇ ಗತಿಯಾಗುತ್ತಿತ್ತು. ಬಿ.ಬಿ.ಸಿ.ಯವರು ೧೯೬೦ ಮತ್ತು ೭೦ರ ದಶಕಗಳಲ್ಲಿ ಟೇಪುಗಳನ್ನು ಮತ್ತೆ ಬಳಸಿಕೊಳ್ಳಲೆಂದು ಹಳೆಯ ಕಂತುಗಳನ್ನು ಅಳಿಸಿಹಾಕಿದರು. ಪರದೇಶಗಳ ಕೇಂದ್ರಗಳಲ್ಲಿಯೂ ಖಾಸಗಿಯವರ ಬಳಿಯಲ್ಲಿಯೂ ಹುಡುಕಿದ ಮೇಲೂ ತೊಂಬತ್ತಕ್ಕೂ ಹೆಚ್ಚು ಕಂತುಗಳ ಚಿತ್ರ ದಶಕಗಳ ಕಾಲ ಸಿಕ್ಕಲಿಲ್ಲ. ಧ್ವನಿ ಮಾತ್ರ ಎಲ್ಲ ಕಂತುಗಳದ್ದೂ ಉಳಿಯಿತು. ಉಳಿಸಿದವರು ಸಂಸ್ಥೆಯವರಲ್ಲ, ಪ್ರಸಾರದ ಹೊತ್ತಿನಲ್ಲಿ ತಮ್ಮ ಮನೆಯ ಪೆಟ್ಟಿಗೆಯ ಮುಂದೆ ಧ್ವನಿಮುದ್ರಣ ಯಂತ್ರವನ್ನಿಟ್ಟು ಹಿಡಿದುಕೊಂಡ ಸಾಮಾನ್ಯ ಪ್ರೇಕ್ಷಕರು, ಅವರಲ್ಲಿ ಕೆಲವರು ಶಾಲೆಯ ಹುಡುಗರು. ಮುಂದೆ ಆ ಧ್ವನಿಗೆ ಚಲಿಸುವ ರೇಖಾಚಿತ್ರಗಳನ್ನು ಜೋಡಿಸಿ ಕಳೆದುಹೋದ ಕಥೆಗಳನ್ನು ಮರಳಿ ಕಟ್ಟಿದರು. ೧೯೬೬ರ ಕಥೆಯೊಂದು ೨೦೧೬ರಲ್ಲಿ ಹೀಗೆ ಹೊರಬಂದಿತು. ಆ ಹೊಸ ನಿರ್ಮಾಣಕ್ಕೆ ಕಲ್ಲುಮಣ್ಣು ಒದಗಿಸಿದವನು ಅಭಿಮಾನಿ.

ಅತ್ತಿಗುಪ್ಪೆಯಂಥ ಬಡಾವಣೆಗಳ ಮನೆಗಳಲ್ಲಿ, ಅಟ್ಟದ ಮೇಲೆ, ವೀಡಿಯೋ ಕ್ಯಾಸೆಟ್ಟುಗಳ ರಟ್ಟಿನ ಪೆಟ್ಟಿಗೆಗಳು ಇನ್ನೂ ಅಲ್ಲಲ್ಲಿ ಉಳಿದಿರಬಹುದು: ಮದುವೆ, ನಾಮಕರಣ, ಅವುಗಳ ಕೊನೆಯಲ್ಲಿ ಜಾಗ ಮಿಕ್ಕಿತೆಂದು ಹಿಡಿದಿಟ್ಟ ದೂರದರ್ಶನದ ಯಾವುದೋ ಕಂತು. ತೇವ ತಗುಲಿದರೆ ಆ ಟೇಪಿಗೆ ಬೂಷ್ಟು ಹಿಡಿಯುತ್ತದೆ. ಸುತ್ತುಗಳು ಒಂದಕ್ಕೊಂದು ಅಂಟಿಕೊಂಡು, ಬಿಚ್ಚಹೋದರೆ ಮೇಲಿನ ಲೇಪ ಕಿತ್ತುಬರುತ್ತದೆ. ಅದನ್ನು ಓಡಿಸುವ ಯಂತ್ರಗಳನ್ನು ಜಪಾನಿನ ಕೊನೆಯ ತಯಾರಕರು ೨೦೧೬ರಲ್ಲಿ ನಿಲ್ಲಿಸಿದರು. ಹಳೆಯವನ್ನು ದುರಸ್ತಿ ಮಾಡಬಲ್ಲ ಕೈಗಳು ವರ್ಷವರ್ಷಕ್ಕೂ ಕಡಮೆಯಾಗುತ್ತಿವೆ. ಹೊಸ ಸ್ಪಾಕನ ಕಿವಿ ಹಳೆಯವನದರಷ್ಟು ಚೂಪಾಗಿದೆಯೆ ಎಂದು ಅಳೆಯುತ್ತಿರುವವರು ಆ ಪೆಟ್ಟಿಗೆಯನ್ನು ಕೆಳಗಿಳಿಸುವುದಾದರೆ ಮಳೆಗಾಲಕ್ಕೆ ಮುಂಚೆಯೇ ಇಳಿಸಬೇಕು.