ಎರಡನೆಯ ಸಂಕಲ್ಪ

ಊಟ ಬಲ್ಲವನಿಗೆ ರೋಗವಿಲ್ಲ ಎಂದು ಹಿರಿಯರು ಹೇಳಿದರು. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎಂದೂ ಅವರೇ ಹೇಳಿದರು. ಆದರೂ ಈ ಗಾದೆಯಲ್ಲಿ ‘ಬಲ್ಲವನು’ ಎಂಬ ಮಾತಿನ ಹತ್ತಿರ ಸ್ವಲ್ಪ ನಿಂತು ನೋಡಬೇಕಾಗುತ್ತದೆ. ಏನನ್ನು ಬಲ್ಲವನು? ಸ್ಥೂಲಕಾಯದಿಂದ ಬಹುಕಾಲ ನರಳಿದವರನ್ನು ಕೇಳಿ ನೋಡಿ: ಯಾವ ತಿಂಡಿಯಲ್ಲಿ ಎಷ್ಟು ಕ್ಯಾಲೊರಿ, ಯಾವುದರಲ್ಲಿ ಎಷ್ಟು ಕೊಬ್ಬು ಎಂಬುದನ್ನು ನಮಗೆಲ್ಲರಿಗಿಂತ ಚೆನ್ನಾಗಿ ಅವರು ಹೇಳಬಲ್ಲರು. ಅವರಿಗೆ ತಿಳಿವಳಿಕೆಯ ಕೊರತೆಯಿಲ್ಲ. ತಲೆಯಲ್ಲಿರುವ ತಿಳಿವಳಿಕೆ ಕೈಗೆ ಇಳಿದುಬರುವ ದಾರಿಯಲ್ಲಿ ಎಲ್ಲಿಯೋ ಒಂದು ತಡೆ ಇದೆ. ಒಳ್ಳೆಯದನ್ನು ಬಲ್ಲವನು ಅದನ್ನು ಮಾಡದೆ ಹೋಗುವುದು ಹೇಗೆ ಎಂಬ ಪ್ರಶ್ನೆ ಅರಿಸ್ಟಾಟಲನನ್ನೂ ಕಾಡಿತ್ತು. ಮನಸ್ಸು ಗಾಳಿಯಂತೆ ಹಿಡಿತಕ್ಕೆ ಸಿಕ್ಕದು ಎಂದು ಅರ್ಜುನನೂ ದೂರಿದ್ದನು.

ಈ ತಡೆಯನ್ನು ಶಸ್ತ್ರದಿಂದ ದಾಟಿಸಲು ನಮ್ಮ ಕಾಲದ ವೈದ್ಯರು ಹೂಡಿದ ಉಪಾಯಗಳಲ್ಲಿ ಒಂದು ಜಠರಕ್ಕೆ ಪಟ್ಟಿ ತೊಡಿಸುವುದು. ಗ್ಯಾಸ್ಟ್ರಿಕ್ ಬ್ಯಾಂಡ್ ಎಂದು ಅದರ ಹೆಸರು. ಸಿಲಿಕೋನಿನ ಒಂದು ಉಂಗುರವನ್ನು ಹೊಟ್ಟೆಯ ಚೀಲದ ಮೇಲ್ಭಾಗಕ್ಕೆ ಸುತ್ತುತ್ತಾರೆ. ಉಂಗುರದ ಒಳಮೈಯಲ್ಲಿ ಗಾಳಿಬುಗ್ಗೆಯಂಥ ಒಂದು ಪೊರೆ; ಅಲ್ಲಿಂದ ಸಣ್ಣ ಕೊಳವೆ; ಕೊಳವೆಯ ತುದಿಯಲ್ಲಿ, ಹೊಟ್ಟೆಯ ಚರ್ಮದ ಕೆಳಗೆ, ಪೋರ್ಟ್ ಎಂದು ಕರೆಯುವ ಒಂದು ಪುಟ್ಟ ಬಾಯಿ. ವೈದ್ಯನು ಸೂಜಿಯಿಂದ ಅದರೊಳಕ್ಕೆ ಸಲೈನ್ ನೀರು ಹಾಕಿದರೆ ಪಟ್ಟಿ ಬಿಗಿಯಾಗುತ್ತದೆ, ತೆಗೆದರೆ ಸಡಿಲವಾಗುತ್ತದೆ. ಕರುಳನ್ನಾಗಲಿ ಜಠರವನ್ನಾಗಲಿ ಕತ್ತರಿಸಬೇಕಾಗಿಲ್ಲ. ಸ್ವಲ್ಪ ಗಟ್ಟಿ ಆಹಾರವನ್ನು ನಿಧಾನವಾಗಿ ಅಗಿದು ತಿಂದರೆ ಅಷ್ಟಕ್ಕೇ ತಣಿವು ಬರಬೇಕು. ಇದು ಅದರ ತತ್ತ್ವ. ಹೀಗೆ ಹಿಗ್ಗಿಸಿ ಕುಗ್ಗಿಸಬಹುದಾದ ಪಟ್ಟಿ 1980ರ ದಶಕದಲ್ಲಿ ಸ್ವೀಡನ್ ಮತ್ತು ಅಮೆರಿಕಗಳಲ್ಲಿ ಬಳಕೆಗೆ ಬಂದಿತು. 1993ರಲ್ಲಿ ಬೆಲ್ಜಿಯಮ್ಮಿನಲ್ಲಿ ಹೊಟ್ಟೆಯನ್ನು ಅಗಲವಾಗಿ ಕೊಯ್ಯದೆ, ಸಣ್ಣ ರಂಧ್ರಗಳ ಮೂಲಕವೇ ಅದನ್ನು ತೊಡಿಸಿದರು. 2001ರಲ್ಲಿ ಅಮೆರಿಕದ ಸರ್ಕಾರ ಅದಕ್ಕೆ ಒಪ್ಪಿಗೆ ಕೊಟ್ಟಿತು. 2011ರ ಸುಮಾರಿಗೆ ಆ ದೇಶದಲ್ಲಿ ತೂಕ ಇಳಿಸಲು ನಡೆಯುತ್ತಿದ್ದ ಶಸ್ತ್ರಚಿಕಿತ್ಸೆಗಳಲ್ಲಿ ಮೂರರಲ್ಲೊಂದು ಈ ಬಗೆಯದಾಗಿತ್ತು. 2019ರ ಹೊತ್ತಿಗೆ ಅದು ನೂರಕ್ಕೆ ಒಂದಕ್ಕೂ ಇಳಿಯಿತು. ಜಠರದ ಬಹುಭಾಗವನ್ನು ಕತ್ತರಿಸಿ ತೆಗೆಯುವ ಬೇರೆ ವಿಧಾನ ಅದರ ಜಾಗವನ್ನು ಹಿಡಿಯಿತು.

ವಿಧಾನ ಹಳೆಯದಾದರೂ ಅದನ್ನು ಒಡಲಲ್ಲಿ ಹೊತ್ತವರು ಇನ್ನೂ ನಮ್ಮ ನಡುವೆ ಇದ್ದಾರೆ. ಒಂದು ಕಾಲಕ್ಕೆ ಪಟ್ಟಿಗೆ ಬಹಳ ಹೆಸರಾಗಿದ್ದ ಆಸ್ಟ್ರೇಲಿಯದಲ್ಲಿ, ಮೆಲ್ಬರ್ನ್ ನಗರದ ಒಬ್ಬ ಗೃಹಿಣಿಯನ್ನು ಊಹಿಸಿಕೊಳ್ಳೋಣ. ಹತ್ತು ಹನ್ನೆರಡು ವರ್ಷಗಳ ಹಿಂದೆ ಆಕೆ ಪಟ್ಟಿ ತೊಟ್ಟಳು. ಎರಡು ವರ್ಷದಲ್ಲಿ ಮೂವತ್ತು ಕಿಲೋ ಇಳಿದಳು. ಎಲ್ಲರೂ ಹೊಗಳಿದರು. ಆಮೇಲೆ ಮನೆಯಲ್ಲಿ ಒಂದು ಕಾಯಿಲೆ, ಒಂದು ಸಾವು, ಕೆಲಸದ ತೊಂದರೆ. ವೈದ್ಯನ ಬಳಿಗೆ ಹೋಗುವುದು ತಪ್ಪಿತು. ಇಳಿದುದರಲ್ಲಿ ಇಪ್ಪತ್ತು ಕಿಲೋ ಮರಳಿ ಬಂದಿತು. ಪಟ್ಟಿ ಈಗಲೂ ಒಳಗೇ ಇದೆ. ಮತ್ತೆ ಮೊದಲು ಮಾಡಬೇಕೆಂದು ಆಕೆಗೆ ಮನಸ್ಸಿದೆ. ಆದರೆ ಯಾರ ಮುಂದೆ ಬಾಯಿಬಿಡುವುದು? ಈ ಲೇಖನದ ವಿಷಯ ಆಕೆಯ ಈ ಸಂಕೋಚ.

ಪಟ್ಟಿ ಇದ್ದೂ ತೂಕ ಮರಳಿದ್ದು ಹೇಗೆ ಎಂದು ಕೇಳುವುದು ಸಹಜ. ನೀನು ಚಾಪೆಯ ಕೆಳಗೆ ತೂರಿದರೆ ನಾನು ರಂಗೋಲಿಯ ಕೆಳಗೆ ತೂರುತ್ತೇನೆ ಎನ್ನುವ ಜಾತಿ ನಮ್ಮ ಆಸೆ. ಪಟ್ಟಿ ಗಟ್ಟಿ ಪದಾರ್ಥವನ್ನು ತಡೆಯಬಲ್ಲುದು. ಐಸ್‌ಕ್ರೀಮು, ಬಾಯಲ್ಲಿ ಕರಗುವ ಚಾಕೊಲೇಟು, ಸಿಹಿ ಹಾಲು ಇವು ಯಾವ ಅಡ್ಡಿಯೂ ಇಲ್ಲದೆ ಜಾರಿ ಹೋಗುತ್ತವೆ. ಪಟ್ಟಿಯನ್ನು ಅತಿಯಾಗಿ ಬಿಗಿದರಂತೂ ರೊಟ್ಟಿ, ಮಾಂಸ, ತರಕಾರಿ ಇಳಿಯದೆ ವಾಂತಿಯಾಗಿ, ರೋಗಿಯು ಈ ಜಾರುವ ಸಿಹಿಗಳ ಕಡೆಗೇ ತಿರುಗುವುದುಂಟು. ಬಿಗಿ ಹೆಚ್ಚಿದಷ್ಟೂ ನಿಯಮ ಹೆಚ್ಚುವುದಿಲ್ಲ ಎಂಬ ನೀತಿಪಾಠ ಇದರಲ್ಲಿ ತಾನಾಗಿ ಅಡಗಿದೆ.

ಆದರೆ ಎಲ್ಲವನ್ನೂ ಆಸೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ತೂಕ ಇಳಿದ ದೇಹವು ಬರಗಾಲ ಬಂದಿತೆಂದು ತಿಳಿದು ತನ್ನ ಖರ್ಚನ್ನು ಕಡಿಮೆಮಾಡಿ ಹಸಿವನ್ನು ಹೆಚ್ಚಿಸುತ್ತದೆ. ಮೆಲ್ಬರ್ನಿನ ಸಂಶೋಧಕರೇ 2011ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಮಿತಾಹಾರದಿಂದ ತೂಕ ಇಳಿಸಿಕೊಂಡವರಿಗೆ ಒಂದು ವರ್ಷ ಕಳೆದ ಮೇಲೂ ಹಸಿವಿಗೆ ಸಂಬಂಧಿಸಿದ ಹಾರ್ಮೋನುಗಳು ಮೊದಲಿನ ಸ್ಥಿತಿಗೆ ಮರಳಿರಲಿಲ್ಲ ಎಂದು ಕಂಡುಬಂದಿತು. ಅಂದರೆ ತೆಳ್ಳಗಾದವನು ಹುಟ್ಟು ತೆಳ್ಳಗಿನವನಂತೆ ಅಲ್ಲ. ಅದೇ ತಟ್ಟೆಯ ಮುಂದೆ ಕುಳಿತರೂ ಇವನ ಹಸಿವು ದೊಡ್ಡದು. ಇದನ್ನು ತಿಳಿಯದೆ ‘ಬಾಯಿ ಕಟ್ಟಲಾರದವರು’ ಎಂದು ತೀರ್ಪು ಕೊಡುವವರು, ಎದುರುಗಾಳಿಯಲ್ಲಿ ಹುಟ್ಟು ಹಾಕುವವನನ್ನು ದಡದಲ್ಲಿ ನಿಂತು ಸೋಮಾರಿ ಎಂದಂತೆ.

ಇಷ್ಟು ಹೇಳಿದರೂ ಆಕೆಯ ಸಂಕೋಚ ಕರಗುವುದಿಲ್ಲ. ಏಕೆಂದರೆ ಎರಡನೆಯ ಸಂಕಲ್ಪವು ಮೊದಲನೆಯದರ ಪುನರಾವರ್ತನೆಯಲ್ಲ. ಅದರ ಜಾತಿಯೇ ಬೇರೆ. ಮೊದಲನೆಯದಕ್ಕೆ ಹೊಸತನದ ಬಲವುಂಟು. ನೆಂಟರು ಹಾರೈಸುತ್ತಾರೆ, ವೈದ್ಯನು ಭರವಸೆ ಕೊಡುತ್ತಾನೆ, ವಾರವಾರಕ್ಕೂ ತಕ್ಕಡಿಯ ಮುಳ್ಳು ಇಳಿದು ಬೆನ್ನು ತಟ್ಟುತ್ತದೆ. ಎರಡನೆಯದಕ್ಕೆ ವಾದ್ಯವಿಲ್ಲ, ಓಲಗವಿಲ್ಲ. ಸಾಕ್ಷಿಗೆ ಇರುವುದು ಹಿಂದಿನ ಸೋಲೊಂದೇ. ಅದು ಪ್ರತಿದಿನವೂ ‘ಆಗ ಆಗದ್ದು ಈಗ ಆದೀತೆ?’ ಎಂದು ಕೇಳುತ್ತಿರುತ್ತದೆ. ಮೊದಲ ಸಂಕಲ್ಪಕ್ಕೆ ಉತ್ಸಾಹ ಸಾಕು, ಎರಡನೆಯದಕ್ಕೆ ಧೈರ್ಯ ಬೇಕು. ಲೋಕವು ಮೊದಲನೆಯದನ್ನು ಮೆಚ್ಚುತ್ತದೆ, ಎರಡನೆಯದನ್ನು ಕಂಡು ನಗುತ್ತದೆ. ಮೆಚ್ಚಿಗೆ ಸಲ್ಲಬೇಕಾದದ್ದು ಎರಡನೆಯದಕ್ಕೆ ಎಂದು ನನಗೆ ತೋರುತ್ತದೆ.

ಕೆಟ್ಟ ವ್ರತ ಕೆಟ್ಟಂತೆಯೇ, ಹಾಲಿಗೆ ಹುಳಿ ಬಿದ್ದ ಮೇಲೆ ಹಾಲು ಉಂಟೆ ಎನ್ನುವ ಕಠಿಣರು ಇದ್ದಾರೆ. ಭಗವದ್ಗೀತೆಯ ಆರನೆಯ ಅಧ್ಯಾಯವನ್ನು ಅವರು ಮತ್ತೊಮ್ಮೆ ನೋಡಬೇಕು. ಶ್ರದ್ಧೆಯಿಂದ ಹೊರಟು ನಡುದಾರಿಯಲ್ಲಿ ಜಾರಿದವನ ಗತಿಯೇನು, ಚದುರಿದ ಮೋಡದಂತೆ ಅವನು ಎರಡಕ್ಕೂ ಸಲ್ಲದವನಾಗುವನೆ ಎಂದು ಅರ್ಜುನನು ಅಲ್ಲಿ ಕೇಳುತ್ತಾನೆ. ಕೃಷ್ಣನ ಉತ್ತರದ ತಾತ್ಪರ್ಯ ಸ್ಪಷ್ಟವಾಗಿದೆ: ಹಾಗೆ ಜಾರಿದವನು ಕೆಡುವುದಿಲ್ಲ, ಮುಂದಿನ ಜನ್ಮದಲ್ಲಿ ಹಿಂದಿನ ಬುದ್ಧಿಯನ್ನು ಮತ್ತೆ ಪಡೆದು, ಅಲ್ಲಿಂದ ಮುಂದಕ್ಕೆ ಪ್ರಯತ್ನಿಸುತ್ತಾನೆ. ಗಮನಿಸಬೇಕಾದ ಮಾತು ‘ಅಲ್ಲಿಂದ ಮುಂದಕ್ಕೆ’ ಎಂಬುದು. ಮೊದಲಿನಿಂದ ಎಂದು ಹೇಳಲಿಲ್ಲ. ಯೋಗದ ದೊಡ್ಡ ಮಾತನ್ನು ಹೊಟ್ಟೆಯ ಸಣ್ಣ ಮಾತಿಗೆ ತಂದುದನ್ನು ವಾಚಕರು ಮನ್ನಿಸಲಿ. ಆದರೆ ಜನ್ಮಾಂತರಕ್ಕೆ ಸಲ್ಲುವ ಆಶ್ವಾಸನೆ ಈ ಜನ್ಮದ ಹತ್ತು ವರ್ಷಕ್ಕೆ ಸಲ್ಲದೆ ಇರುತ್ತದೆಯೆ? ನಮ್ಮ ಗೃಹಿಣಿಗೆ ಇಂದು ತಿಳಿದಿರುವುದು ಮೊದಲ ದಿನ ತಿಳಿದಿರಲಿಲ್ಲ. ಯಾವ ಹೊತ್ತಿನಲ್ಲಿ ಮನಸ್ಸು ಸೋಲುತ್ತದೆ, ಯಾವ ದುಃಖ ಯಾವ ಡಬ್ಬಿಯ ಮುಚ್ಚಳ ತೆಗೆಸುತ್ತದೆ ಎಂಬುದನ್ನು ಆಕೆ ಬೆಲೆ ತೆತ್ತು ಕಲಿತಿದ್ದಾಳೆ. ಈ ಬಂಡವಾಳ ಖರ್ಚಾಗಿ ಹೋಗಿಲ್ಲ.

ಇನ್ನು ಬಾಯಿಬಿಡುವ ಮಾತು. ವೈದ್ಯನ ಮುಂದೆ ಹೇಳಬಹುದು. ಆದರೆ ವೈದ್ಯನು ಮೇಲಿನಿಂದ ನೋಡುತ್ತಾನೆ. ಅವನು ಎಷ್ಟೇ ಒಳ್ಳೆಯವನಾದರೂ ಅವನ ಮೇಜಿನ ಮುಂದೆ ನಾವು ಪರೀಕ್ಷೆಗೆ ಕುಳಿತ ವಿದ್ಯಾರ್ಥಿಗಳು. ಮನೆಯವರಿಗೆ ಹೇಳಬಹುದು, ಆದರೆ ಪ್ರೀತಿ ಒಮ್ಮೆ ಕಾವಲುಗಾರನಾಗುತ್ತದೆ, ಒಮ್ಮೆ ಲಂಚ ಕೊಡುತ್ತದೆ. ನಮ್ಮ ಮದುವೆಮನೆಗಳಲ್ಲಿ, ಬೇಡವೆಂದು ಎಲೆಗೆ ಅಡ್ಡಹಿಡಿದ ಕೈಯ ಸಂದಿಯಲ್ಲೇ ಇನ್ನೊಂದು ಒಬ್ಬಟ್ಟು ಬೀಳುವುದಿಲ್ಲವೆ? ಹೀಗೆ ಗುರುವೂ ಅಲ್ಲದ, ಬಂಧುವೂ ಅಲ್ಲದ ಮೂರನೆಯವರು ಒಬ್ಬರು ಬೇಕಾಗುತ್ತದೆ. ಅವರು ಅದೇ ಪಟ್ಟಿಯನ್ನು ಹೊತ್ತವರು, ಅದೇ ಜಾಗದಲ್ಲಿ ಜಾರಿದವರು.

ಈ ಮೂರನೆಯವರ ಬೆಲೆಯನ್ನು ಕಂಡುಕೊಂಡವರಲ್ಲಿ ನ್ಯೂಯಾರ್ಕಿನ ಕ್ವೀನ್ಸ್ ಬಡಾವಣೆಯ ಜೀನ್ ನೈಡೆಚ್ ಒಬ್ಬಳು. 1961ರಲ್ಲಿ ಆಕೆ ನಗರದ ಆರೋಗ್ಯ ಇಲಾಖೆಯ ಚಿಕಿತ್ಸಾಲಯಕ್ಕೆ ಹೋಗಿ ಪಥ್ಯದ ಚೀಟಿ ತಂದಳು. ಪಥ್ಯ ಸರಿಯಾಗಿಯೇ ಇತ್ತು; ಆದರೆ ಮನೆಯಲ್ಲಿ ಬಿಸ್ಕತ್ತುಗಳನ್ನು ಬಚ್ಚಿಟ್ಟು ತಿನ್ನುತ್ತಿದ್ದುದನ್ನು ಅಲ್ಲಿಯವರ ಮುಂದೆ ಹೇಳಲು ಆಕೆಗೆ ನಾಲಿಗೆ ಏಳಲಿಲ್ಲ. ತನ್ನಂತೆಯೇ ದಪ್ಪಗಿದ್ದ ಆರು ಮಂದಿ ಗೆಳತಿಯರನ್ನು ಮನೆಗೆ ಕರೆದು ಹೇಳಿದಳು. ಕೇಳಿದವರು ತಮ್ಮ ತಮ್ಮ ಬಚ್ಚಿಟ್ಟ ಡಬ್ಬಿಗಳ ಕಥೆಯನ್ನು ತೆಗೆದರು. ಆ ಕೂಟವೇ ಬೆಳೆದು 1963ರಲ್ಲಿ ವೇಟ್ ವಾಚರ್ಸ್ ಸಂಸ್ಥೆಯಾಯಿತು. ಮುಂದೆ ಅದು ದೊಡ್ಡ ವ್ಯಾಪಾರವಾದದ್ದು ಬೇರೆ ಕಥೆ. ನಮಗೆ ಬೇಕಾದದ್ದು ಆ ಮೊದಲ ದಿನ: ಅಂದು ಮುಖ್ಯವಾದದ್ದು ಪಥ್ಯವಲ್ಲ. ನಿಜ ಹೇಳಿದರೆ ಮಾನ ಹೋಗದ ಒಂದು ಸ್ಥಳ ಸಿಕ್ಕಿತು, ಅಷ್ಟೆ.

ಇದಕ್ಕಿಂತ ಹಿಂದೆ, 1935ರಲ್ಲಿ, ಓಹಾಯೊ ಪ್ರಾಂತ್ಯದ ಆ್ಯಕ್ರನ್ ಎಂಬ ಊರಿನಲ್ಲಿ ಇನ್ನೂ ಆಳವಾದ ಒಂದು ಸಂಗತಿ ನಡೆಯಿತು. ಕುಡಿತ ಬಿಟ್ಟು ಕೆಲವೇ ತಿಂಗಳಾಗಿದ್ದ ಬಿಲ್ ವಿಲ್ಸನ್ ಎಂಬವನು ವ್ಯಾಪಾರದಲ್ಲಿ ಸೋತು, ಹೋಟೆಲಿನಲ್ಲಿ ಒಬ್ಬನೇ ಇದ್ದಾಗ ಮತ್ತೆ ಕುಡಿಯುವ ಚಪಲ ಹತ್ತಿತು. ಅವನು ಬುದ್ಧಿ ಹೇಳುವವರನ್ನು ಹುಡುಕಲಿಲ್ಲ; ತನ್ನ ಹಾಗೆ ಕುಡಿತಕ್ಕೆ ಸಿಕ್ಕವನೊಬ್ಬನನ್ನು ಹುಡುಕಿದನು. ಸಿಕ್ಕವನು ಡಾಕ್ಟರ್ ಸ್ಮಿತ್. ಅವರಿಬ್ಬರ ಮಾತುಕತೆಯಿಂದ ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿತು. ಇನ್ನೊಬ್ಬನ ಕೈ ಹಿಡಿದಾಗ ತನ್ನ ಕಾಲು ನಿಲ್ಲುತ್ತದೆ ಎಂಬುದು ಅಲ್ಲಿ ಕಂಡುಬಂದ ವಿಷಯ. ದಾನ ಕೊಟ್ಟವನಿಗೂ ಬರುವ ಫಲವಿದು. ಸೋತವಳ ಸೋಲೇ ಇನ್ನೊಬ್ಬಳಿಗೆ ಉಪಯೋಗಕ್ಕೆ ಬರುವುದಾದರೆ ಅದು ಬರಿಯ ಸೋಲಾಗಿ ಉಳಿಯುವುದಿಲ್ಲ.

ಇಲ್ಲಿ ತತ್ತ್ವಜ್ಞರು ಒಂದು ಆಕ್ಷೇಪ ಎತ್ತಬಹುದು. ಹೊಟ್ಟೆಗೆ ಪಟ್ಟಿಯ ಆಸರೆ, ಮನಸ್ಸಿಗೆ ಗೆಳೆಯರ ಆಸರೆ. ಹಾಗಾದರೆ ಸಂಯಮ ಯಾರದು? ಸಾಲ ತಂದ ಇಚ್ಛಾಶಕ್ತಿ ಸ್ವಂತದ್ದಾದೀತೆ? ಆಕ್ಷೇಪ ಹಗುರವಾದದ್ದಲ್ಲ. ಆದರೆ ನಮ್ಮ ಪೂರ್ವಿಕರು ಸಂಕಲ್ಪವನ್ನು ಮನಸ್ಸಿನಲ್ಲೇ ಮಾಡಿಕೊಂಡು ಸುಮ್ಮನಾಗಲಿಲ್ಲ. ದೇಶಕಾಲಗಳನ್ನೂ ಗೋತ್ರನಾಮಗಳನ್ನೂ ಹೇಳಿ, ನಾಲ್ವರ ಮುಂದೆ ಬಾಯಿಬಿಟ್ಟು ಮಾಡಿದರು. ಏಕಾದಶಿಯ ಉಪವಾಸವೂ ಮನೆಮಂದಿಗೆಲ್ಲ ಒಂದೇ ದಿನ. ಅಡಿಗೆಯ ಒಲೆಯೇ ತಣ್ಣಗಿದ್ದರೆ ಬಾಯಿ ಕಟ್ಟುವುದು ಅಷ್ಟು ಸುಲಭ. ಒಂಟಿ ಮನಸ್ಸಿನ ಅಳತೆಯನ್ನು ಅವರು ಬಲ್ಲವರಾಗಿದ್ದರು. ಹೀರೆಯ ಬಳ್ಳಿಗೆ ಚಪ್ಪರ ಹಾಕುತ್ತೇವೆ. ಕಾಯಿ ಬಿಡುವುದು ಬಳ್ಳಿಯೇ ಹೊರತು ಚಪ್ಪರವಲ್ಲ. ಹಾಗೆಂದು ಚಪ್ಪರ ಕಿತ್ತರೆ ಕಾಯಿ ನೆಲದಲ್ಲಿ ಕೊಳೆಯುತ್ತದೆ. ಆಸರೆಯಿಂದ ನಿಂತ ಸಂಯಮವೂ ತಿನ್ನುವವಳ ಸಂಯಮವೇ, ಏಕೆಂದರೆ ತುತ್ತನ್ನು ತಟ್ಟೆಗೆ ಮರಳಿ ಇಡುವ ಕೈ ಆಕೆಯದು.

ಕೂಟಕ್ಕೂ ಅದರದೇ ಆದ ಕೇಡುಗಳುಂಟು. ಒಬ್ಬರ ತಪ್ಪನ್ನು ಒಬ್ಬರು ಮುಚ್ಚುತ್ತ, ‘ನಮ್ಮ ಹಣೆಬರಹವೇ ಇಷ್ಟು’ ಎಂದು ಜೊತೆಯಾಗಿ ನಿಟ್ಟುಸಿರು ಬಿಡುವ ಸಂಘವಾದರೆ ಅದು ಸಂಗವಲ್ಲ, ಶಾಮೀಲು. ತೂಕದಲ್ಲಿ ಪೈಪೋಟಿ ಹುಟ್ಟಿದರೆ ನಿಧಾನವಾಗಿ ಇಳಿಯುವವಳು ಮತ್ತೆ ನಾಚಿ ಮನೆಗೆ ಸೇರುತ್ತಾಳೆ. ಎಲ್ಲಕ್ಕಿಂತ ಮುಖ್ಯವಾಗಿ, ಗೆಳತಿ ವೈದ್ಯಳಲ್ಲ. ಹಳೆಯ ಪಟ್ಟಿ ಜಾರಿರಬಹುದು; ಕೊಳವೆಯಲ್ಲಿ ನೀರು ಸೋರುತ್ತಿರಬಹುದು; ಮೇಲಿನ ಚೀಲ ಹಿಗ್ಗಿರಬಹುದು. ಪದೇ ಪದೇ ವಾಂತಿ, ರಾತ್ರಿಯ ಕೆಮ್ಮು, ಎದೆಯುರಿ, ನೋವು ಇವಿದ್ದರೆ ಅದು ಸಂಕಲ್ಪದ ಕೊರತೆಯಲ್ಲ, ಕ್ಷಕಿರಣದಿಂದ ಪರೀಕ್ಷಿಸಬೇಕಾದ ವಿಷಯ. ಪಟ್ಟಿಯನ್ನು ತೆಗೆಯಿಸಬೇಕಾಗಿ ಬರಬಹುದು, ಬೇರೆ ಚಿಕಿತ್ಸೆಯೂ ಬೇಕಾಗಬಹುದು. ಅದರಲ್ಲಿ ಅವಮಾನವೇನೂ ಇಲ್ಲ. ಒಳ್ಳೆಯ ಸಂಗಾತಿಯ ಲಕ್ಷಣ, ತಾನು ಹೇಳಬಾರದ ಕಡೆ ‘ನಾಳೆ ಆಸ್ಪತ್ರೆಗೆ ಹೋಗೋಣ, ನಾನೂ ಬರುತ್ತೇನೆ’ ಎನ್ನುವುದು.

ಹೀಗೆ ನೋಡಿದರೆ ಮತ್ತೆ ಮೊದಲುಮಾಡುವ ಕೆಲಸ ದೊಡ್ಡ ಪ್ರತಿಜ್ಞೆಯಲ್ಲ. ವೈದ್ಯನಿಗೆ ಒಂದು ಕಾಗದ ಅಥವಾ ದೂರವಾಣಿ, ಸಮದುಃಖಿಯೊಬ್ಬಳಿಗೆ ಒಂದು ನಿಜವಾದ ಮಾತು, ಮುಂದಿನ ಊಟದಲ್ಲಿ ಸಣ್ಣ ತುತ್ತು, ನಿಧಾನದ ಅಗಿತ. ಮೊದಲ ಸಲದಷ್ಟು ವೇಗವಾಗಿ ಮುಳ್ಳು ಇಳಿಯದಿರಬಹುದು. ಮೊದಲು ತಲುಪಿದ ಅಂಕೆ ಮತ್ತೆ ಸಿಗದೆಯೂ ಇರಬಹುದು. ಐದು ಕಿಲೋ ಇಳಿದು ಮೆಟ್ಟಿಲು ಹತ್ತುವಾಗ ಉಸಿರು ನಿಂತರೆ ಅದೂ ಲಾಭವೇ.

ಆ ಪಟ್ಟಿಯನ್ನು ಕಲ್ಪಿಸಿದವರ ವಿವೇಕವನ್ನು ನಾನು ಇನ್ನೊಂದು ಕಾರಣಕ್ಕೆ ಮೆಚ್ಚುತ್ತೇನೆ. ಒಮ್ಮೆ ಬಿಗಿದರೆ ಸಾಕೆಂದು ಅವರು ನಂಬಿದ್ದರೆ ಚರ್ಮದ ಕೆಳಗೆ ಆ ಪುಟ್ಟ ಬಾಯಿಯನ್ನು ಇಡುತ್ತಿರಲಿಲ್ಲ. ಸಡಿಲವಾಗುತ್ತದೆ, ಮರಳಿ ಬರುತ್ತಾರೆ, ಮತ್ತೆ ಸರಿಪಡಿಸಬೇಕಾಗುತ್ತದೆ ಎಂದು ಮೊದಲ ದಿನವೇ ಎಣಿಸಿ ಬಾಗಿಲನ್ನು ಇಟ್ಟರು. ಮನುಷ್ಯನ ಸಂಕಲ್ಪಕ್ಕೂ ಅಂಥದೊಂದು ಬಾಗಿಲು ಬೇಕು. ಅದನ್ನು ಒಳಗಿನಿಂದ ಒಬ್ಬರೇ ತೆರೆಯುವುದು ಕಷ್ಟ. ಹೊರಗೆ ಒಬ್ಬರು ನಿಂತು ತಟ್ಟಬೇಕು.