ಹೆಬ್ಬೆರಳೂ ಶರಣಾಗತಿಯೂ

ಕಡಲ ದಡದಲ್ಲಿ ನಿಂತು ಗಾಳ ಬೀಸುವವನು ಬೇಟ್‌ಕಾಸ್ಟಿಂಗ್ ರೀಲನ್ನು ಹಿಡಿಯಬೇಕೆ, ಫಿಕ್ಸೆಡ್ ಸ್ಪೂಲ್ ರೀಲನ್ನು ಹಿಡಿಯಬೇಕೆ ಎಂಬುದು ಅಂಗಡಿಯ ಗಲ್ಲೆಯ ಮುಂದೆ, ಕಿಸೆಯ ಭಾರವನ್ನು ನೋಡಿಕೊಂಡು, ಹತ್ತು ನಿಮಿಷದಲ್ಲಿ ಇತ್ಯರ್ಥವಾಗಬೇಕಾದ ಪ್ರಶ್ನೆಯೆಂದು ಹೊರಗಿನವರಿಗೆ ತೋರೀತು. ಆದರೆ ಇಂಗ್ಲೆಂಡಿನ ಕೆಂಟ್ ಸೀಮೆಯ ಡಂಜನೆಸ್ಸಿನಲ್ಲಿಯೋ ಡಾರ್ಸೆಟ್ಟಿನ ಚೆಸಿಲ್ ದಂಡೆಯಲ್ಲಿಯೋ, ಚಳಿಗಾಲದ ಇರುಳಿನಲ್ಲಿ, ಕಾಡ್ ಮೀನಿಗಾಗಿ ನುಣುಪುಗಲ್ಲುಗಳ ಮೇಲೆ ಸಾಲಾಗಿ ನಿಂತವರ ನಡುವೆ ಈ ಮಾತನ್ನೆತ್ತಿದವನು, ತಾನೆತ್ತಿದ್ದು ಸಾಮಾನಿನ ಪ್ರಶ್ನೆಯಲ್ಲ, ಮತದ ಪ್ರಶ್ನೆ ಎಂಬುದನ್ನು ಬೇಗನೆ ಮನಗಾಣುತ್ತಾನೆ. ಒಂದು ಪಕ್ಷದವರಿಗೆ ಇನ್ನೊಂದು ಪಕ್ಷದವರ ಯಂತ್ರ ಮಕ್ಕಳ ಆಟಿಕೆ. ಆ ಪಕ್ಷದವರಿಗೆ ಇವರದು ವೃಥಾ ಕ್ಲೇಶ, ಒಣ ಪ್ರತಿಷ್ಠೆ. ಇಷ್ಟು ನಿಷ್ಠೆಯಿಂದ, ಇಷ್ಟು ಸೂಕ್ಷ್ಮವಾಗಿ, ಇಷ್ಟು ಅಲ್ಪ ಲಾಭಕ್ಕಾಗಿ ಜನ ವಾದಿಸುವುದನ್ನು ನಾನು ಕಂಡಿರುವುದು ಇನ್ನೊಂದೇ ಕಡೆ: ನಮ್ಮ ಶ್ರೀವೈಷ್ಣವರ ವಡಗಲೆ ತೆಂಗಲೆಗಳ ಅಷ್ಟಾದಶ ಭೇದಗಳ ಚರ್ಚೆಯಲ್ಲಿ. ಎರಡು ವಾದಗಳ ಬೇರೂ ಒಂದೇ ಎಂದರೆ ಎರಡು ಕಡೆಯ ಭಕ್ತರೂ ನನ್ನ ಮೇಲೆ ಮುನಿದಾರು. ಆದರೂ ಹೇಳದೆ ಗತ್ಯಂತರವಿಲ್ಲ.

ಯಂತ್ರಗಳ ರಚನೆಯನ್ನು ಮೊದಲು ತಿಳಿಯೋಣ. ಬೇಟ್‌ಕಾಸ್ಟಿಂಗ್ ರೀಲು, ಅಂದರೆ ಬ್ರಿಟನ್ನಿನ ಗಾಳಗಾರರು ಮಲ್ಟಿಪ್ಲೈಯರ್ ಎಂದು ಕರೆಯುವ ವರ್ಗಕ್ಕೆ ಸೇರಿದ್ದು, ಗಾಳದ ಕೋಲಿಗೆ ಅಡ್ಡಲಾಗಿ ಕುಳಿತ ಒಂದು ಉರುಳೆ. ಕೋಲನ್ನು ಬೀಸಿದಾಗ ಸೀಸದ ಗುಂಡು ದಾರವನ್ನೆಳೆದುಕೊಂಡು ಹಾರುತ್ತದೆ. ದಾರ ಹೊರಡಬೇಕಾದರೆ ಉರುಳೆಯೇ ತಿರುಗಬೇಕು. ಅಲುಗಾಡದೆ ಇದ್ದ ಉರುಳೆ ಕ್ಷಣಾರ್ಧದಲ್ಲಿ ನಿಮಿಷಕ್ಕೆ ಸಾವಿರಾರು ಸುತ್ತಿನ ವೇಗವನ್ನು ಪಡೆಯುತ್ತದೆ. ಕಷ್ಟವಿರುವುದು ಅದಾದ ಮೇಲೆ. ಗಾಳಿಯ ತಡೆಗೆ ಸಿಕ್ಕಿ ಗುಂಡು ನಿಧಾನವಾಗುತ್ತದೆ, ನೀರಿಗೆ ಬಿದ್ದೊಡನೆ ಅದರ ಓಟ ಮುಗಿಯುತ್ತದೆ. ಉರುಳೆಗೆ ಮಾತ್ರ ಆ ಸುದ್ದಿ ಮುಟ್ಟುವುದಿಲ್ಲ. ಅದು ತನ್ನ ಜಡತ್ವದ ಬಲದಿಂದ ತಿರುಗುತ್ತಲೇ ಇದ್ದು, ಯಾರಿಗೂ ಬೇಡವಾದ ದಾರವನ್ನು ಬಿಚ್ಚುತ್ತಲೇ ಇರುತ್ತದೆ. ಮೊದಲು ಸುತ್ತಿನ ಮೇಲೆ ಒಂದೆರಡು ಸಡಿಲ ಕುಣಿಕೆಗಳು ಏಳುತ್ತವೆ, ಅವುಗಳ ಅಡಿಯಲ್ಲಿ ಇನ್ನಷ್ಟು ಕುಣಿಕೆಗಳು ನುಗ್ಗುತ್ತವೆ, ಮೇಲಿನದು ಕೆಳಗಿನದನ್ನು ಕಚ್ಚಿಕೊಳ್ಳುತ್ತದೆ, ಕೊನೆಗೆ ಎಲ್ಲವೂ ಒಮ್ಮೆಗೇ ಬಿಗಿದು ನಿಂತು ‘ಹಕ್ಕಿಗೂಡು’ ಸಿದ್ಧವಾಗುತ್ತದೆ. ಕತ್ತಲಲ್ಲಿ, ಚಳಿಗೆ ಮರಗಟ್ಟಿದ ಬೆರಳುಗಳಿಂದ, ಹಣೆಗೆ ಕಟ್ಟಿದ ದೀಪದ ಬೆಳಕಿನಲ್ಲಿ ಆ ಗೂಡನ್ನು ಬಿಡಿಸುತ್ತ ಕುಳಿತವನ ಮುಖವನ್ನು ನೋಡಿದವರಿಗೆ ಪ್ರಾರಬ್ಧವೆಂಬುದಕ್ಕೆ ಬೇರೆ ವ್ಯಾಖ್ಯಾನ ಬೇಕಾಗುವುದಿಲ್ಲ. ಈ ಅನರ್ಥವನ್ನು ತಡೆಯತಕ್ಕದ್ದು ಹೆಬ್ಬೆರಳು. ದಾರ ಹೊರಡುತ್ತಿರುವಷ್ಟು ಹೊತ್ತೂ ಅದು ಉರುಳೆಯನ್ನು ಮುಟ್ಟಿಯೂ ಮುಟ್ಟದಂತೆ ಇರಬೇಕು, ಗುಂಡು ನೀರನ್ನು ಮುಟ್ಟುವ ಕ್ಷಣಕ್ಕೆ ಒತ್ತಿ ನಿಲ್ಲಿಸಬೇಕು.

ಈ ಯಂತ್ರದ ವಂಶಾವಳಿಯಲ್ಲಿ ಗಡಿಯಾರದ ಕೆಲಸದವರು ಪದೇ ಪದೇ ಕಾಣಿಸಿಕೊಳ್ಳುತ್ತಾರೆ. 19ನೆಯ ಶತಮಾನದ ಆದಿಭಾಗದಲ್ಲಿ ಅಮೆರಿಕದ ಕೆಂಟಕಿ ಸಂಸ್ಥಾನದ ಪ್ಯಾರಿಸ್ ಎಂಬ ಊರಿನಲ್ಲಿ ಇದನ್ನು ನಯಗೊಳಿಸಿದ ಜಾರ್ಜ್ ಸ್ನೈಡರ್ ಗಡಿಯಾರ ಮಾಡುವವನು. ಸ್ವೀಡನ್ನಿನ ಆಬು ಕಂಪೆನಿ 1921ರಲ್ಲಿ ಗಡಿಯಾರದ ಕಾರ್ಖಾನೆಯಾಗಿ ಹುಟ್ಟಿ, ಟ್ಯಾಕ್ಸಿ ಮೀಟರುಗಳನ್ನು ಮಾಡುತ್ತಿದ್ದು, ಎರಡನೆಯ ಮಹಾಯುದ್ಧದಿಂದ ಆ ವ್ಯಾಪಾರ ಕೆಟ್ಟಾಗ ರೀಲಿನ ಕಡೆಗೆ ತಿರುಗಿತು. 1950ರ ದಶಕದಲ್ಲಿ ಅದು ಹೊರತಂದ ಅಂಬಾಸಡರ್ ರೀಲುಗಳ ಸಂತತಿಯೇ ಮುಂದೆ ಬ್ರಿಟನ್ನಿನ ಕಡಲದಂಡೆಗಳನ್ನು ಬಹುಕಾಲ ಆಳಿತು. ಫಿಕ್ಸೆಡ್ ಸ್ಪೂಲಿನ ಕುಲ ಬೇರೆ. ಅದು ನೂಲಿನವರದು. ಆಲ್‌ಫ್ರೆಡ್ ಹೋಲ್ಡನ್ ಇಲ್ಲಿಂಗ್‌ವರ್ತ್ ಎಂಬ ಬ್ರಾಡ್‌ಫರ್ಡಿನ ಬಟ್ಟೆಯ ಉದ್ಯಮಿ, ಗಿರಣಿಯಲ್ಲಿ ಕದಿರಿನ ತುದಿಯಿಂದ ನೂಲು ತಡೆಯಿಲ್ಲದೆ ಜಾರಿಕೊಂಡು ಬರುವ ರೀತಿಯನ್ನೇ ಅನುಸರಿಸಿ, 1905ರಲ್ಲಿ ತನ್ನ ರೀಲಿಗೆ ಪೇಟೆಂಟ್ ಪಡೆದನು. ಇಲ್ಲಿ ಉರುಳೆಯ ಮುಖ ಕೋಲಿನ ತುದಿಯತ್ತ ತಿರುಗಿರುತ್ತದೆ. ಬೀಸುವಾಗ ಅದು ಸುತ್ತುವುದೇ ಇಲ್ಲ. ದಾರ ಅದರ ಅಂಚಿನ ಮೇಲಿಂದ ಸುರುಳಿ ಸುರುಳಿಯಾಗಿ ಕಳಚಿಕೊಂಡು ಹೋಗುತ್ತದೆ. ಗುಂಡು ನಿಂತರೆ ದಾರವೂ ನಿಂತಿತು. ತೋರುಬೆರಳಿನಿಂದ ದಾರವನ್ನು ಹಿಡಿದು, ಬೀಸಿ, ಸರಿಯಾದ ಗಳಿಗೆಗೆ ಬಿಟ್ಟರೆ ಆಯಿತು. ಮುಂದೆ ಗುಂಡು ಬೀಳುವ ತನಕ ಮನುಷ್ಯನು ಮಾಡಬೇಕಾದ್ದು ಏನೂ ಇಲ್ಲ.

ಈಗ ಮತದ ಮಾತಿಗೆ ಬರೋಣ. ಶ್ರೀರಾಮಾನುಜರ ಅನಂತರದ ಆಚಾರ್ಯರಲ್ಲಿ ಶರಣಾಗತಿಯ ಸ್ವರೂಪವನ್ನು ಕುರಿತು ಭಿನ್ನಾಭಿಪ್ರಾಯ ಹುಟ್ಟಿ ಎರಡು ಕಲೆಗಳಾದುದೂ, ವಡಗಲೆಯವರ ಪಕ್ಷಕ್ಕೆ ಮರ್ಕಟಕಿಶೋರ ನ್ಯಾಯವೆಂದೂ ತೆಂಗಲೆಯವರ ಪಕ್ಷಕ್ಕೆ ಮಾರ್ಜಾರಕಿಶೋರ ನ್ಯಾಯವೆಂದೂ ಹೆಸರು ಬಂದುದೂ ಕನ್ನಡಿಗರಿಗೆ ಅಪರಿಚಿತವಲ್ಲ. ಕೋತಿಯ ಮರಿ ತಾಯಿಯ ಹೊಟ್ಟೆಯನ್ನು ತಾನೇ ಅವುಚಿಕೊಳ್ಳಬೇಕು. ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿ ಎತ್ತಿಕೊಂಡು ಹೋಗುತ್ತದೆ. ಬೇಟ್‌ಕಾಸ್ಟಿಂಗ್ ರೀಲಿನವನು ಕೋತಿಯ ಮರಿ, ಫಿಕ್ಸೆಡ್ ಸ್ಪೂಲಿನವನು ಬೆಕ್ಕಿನ ಮರಿ ಎಂದು ಹೇಳಿ ಮುಗಿಸುವುದು ಸುಲಭ. ಹಾಗೆ ಮುಗಿಸುವವರು ವಡಗಲೆಯ ಸಿದ್ಧಾಂತವನ್ನು ಪೌರುಷವಾದವೆಂದು ತಪ್ಪಾಗಿ ತಿಳಿದವರು. ದಾರವನ್ನು ಬಿಡಬೇಕೆಂಬ ವಿಷಯದಲ್ಲಿ ಎರಡು ಪಕ್ಷಕ್ಕೂ ವಿವಾದವಿಲ್ಲ. ಬಿಡದೆ ಹಿಡಿದವನ ಗುಂಡು ಅವನ ತಲೆಯನ್ನೇ ಒಡೆದೀತು. ವಿವಾದವಿರುವುದು ಬಿಟ್ಟ ಮೇಲೆ: ಶರಣೆಂದ ಅನಂತರ ಶರಣಾದವನಿಗೆ ಮಾಡತಕ್ಕದ್ದೇನಾದರೂ ಉಳಿಯುತ್ತದೆಯೆ, ಇಲ್ಲವೆ?

ಉಳಿಯುತ್ತದೆ, ಆದರೆ ಅದು ಕೃಪೆಗೆ ಕಾರಣವಲ್ಲ, ವ್ಯಾಜ ಮಾತ್ರ ಎಂದು ವಡಗಲೆಯವರ ಉತ್ತರ. ನಾನು ಈ ಉತ್ತರವನ್ನು ಓದಿ ಬಹುಕಾಲವಾಗಿದ್ದರೂ, ಅದರ ಸ್ವಾರಸ್ಯ ಹೊಳೆದದ್ದು ಹೆಬ್ಬೆರಳಿನ ಕೆಲಸವನ್ನು ಹತ್ತಿರದಿಂದ ನೋಡಿದ ಮೇಲೆ. ಏಕೆಂದರೆ ಆ ಬೆರಳು ಗುಂಡನ್ನು ಒಂದು ಅಂಗುಲದಷ್ಟೂ ಮುಂದಕ್ಕೆ ಕಳುಹಿಸುವುದಿಲ್ಲ. ದೂರವನ್ನು ಕೊಡುವುದು ಕೋಲಿನ ಬಾಗು, ಸೀಸದ ತೂಕ, ಬೀಸಿದ ಮೈಯ ತಿರುವು. ಬೆರಳು ಏನನ್ನಾದರೂ ಮಾಡಿದರೆ ಅದು ಆ ದೂರದಿಂದ ಅಷ್ಟಿಷ್ಟನ್ನು ಕಳೆಯುವುದೇ ಹೊರತು ಕೂಡಿಸುವುದಲ್ಲ. ಹೀಗೆ ಫಲಕ್ಕೆ ಏನನ್ನೂ ಸೇರಿಸದೆ, ಆದರೆ ಇಲ್ಲದಿದ್ದರೆ ಫಲವೇ ಕೆಡುವಂತೆ ಇರುವ ಪ್ರಯತ್ನವನ್ನು ನಮ್ಮ ಲೌಕಿಕದ ಲೆಕ್ಕದಲ್ಲಿ ಯಾವ ಕಲಮಿಗೆ ಹಾಕಬೇಕೆಂಬುದು ತಿಳಿಯದು; ವ್ಯಾಜವೆಂಬ ಶಾಸ್ತ್ರದ ಮಾತು ಅದಕ್ಕೆ ಒಪ್ಪುತ್ತದೆ.

ತೆಂಗಲೆಯವರು ಇದಕ್ಕೆ ಸುಮ್ಮನಿರುವವರಲ್ಲ. ವ್ಯಾಜವೆಂದು ಒಳಗೆ ಬಂದ ಪ್ರಯತ್ನ ಯಜಮಾನನಾಗಿ ಕೂರದೆ ಇರುವುದಿಲ್ಲ ಎಂಬುದು ಅವರ ಆಕ್ಷೇಪದ ತಿರುಳು. ಇದಕ್ಕೂ ದಡದ ಮೇಲೆ ಸಾಕ್ಷಿಯುಂಟು. ಹೊಸದಾಗಿ ಬೇಟ್‌ಕಾಸ್ಟಿಂಗ್ ರೀಲನ್ನು ಹಿಡಿದವನು ಒಮ್ಮೆ ಹಕ್ಕಿಗೂಡಿನ ರುಚಿ ಕಂಡನೆಂದರೆ, ಮುಂದಿನ ಬೀಸಿನಲ್ಲಿ ಅವನ ಹೆಬ್ಬೆರಳು ಭಯದಿಂದ ಉರುಳೆಯನ್ನು ಅದುಮಿ ಹಿಡಿಯುತ್ತದೆ. 170 ಗ್ರಾಮಿನ ಗುಂಡು ನೂರು ಗಜ ಹೋಗಬೇಕಾದ್ದು ಮುಂದಿನ ಅಲೆಯಲ್ಲೇ ಬಿದ್ದು, ಅವನ ರಕ್ಷಣೆ ಪೂರ್ಣವಾಗುತ್ತದೆ, ಮೀನು ಮಾತ್ರ ಇಲ್ಲ. ಭಯಕ್ಕೆ ಜಾಗರೂಕತೆಯೆಂಬ ಹೆಸರನ್ನಿಟ್ಟುಕೊಂಡ ಎಷ್ಟೋ ಅನುಷ್ಠಾನಗಳ ಗತಿ ಇದೇ. ತೆಂಗಲೆಯ ಪಕ್ಷದಲ್ಲಿ ಜೀವನು ಮಾಡಬೇಕಾದ್ದು ಒಂದೇ, ಅಡ್ಡಿಪಡಿಸದೆ ಇರುವುದು. ಫಿಕ್ಸೆಡ್ ಸ್ಪೂಲಿನವನೂ ಅಷ್ಟನ್ನೇ ಮಾಡುತ್ತಾನೆ, ಮೊದಲ ಸಂಜೆಯೇ ದೂರಕ್ಕೆ ಬೀಸುತ್ತಾನೆ.

ಇಲ್ಲಿಗೆ ವಾದ ತೆಂಗಲೆಯ ಕಡೆಗೆ ವಾಲಿದಂತೆ ಕಾಣುತ್ತದೆ. ಆದರೆ ಅನುಗ್ರಹದ ಯಂತ್ರಕ್ಕೂ ಒಂದು ಕೇಡು ಉಂಟು. ಅದು ಕಣ್ಣಿಗೆ ಬೀಳುವುದು ತಡವಾಗಿ. ಫಿಕ್ಸೆಡ್ ಸ್ಪೂಲಿನಲ್ಲಿ ದಾರಕ್ಕೆ ಹುರಿ ಏರುತ್ತದೆ. ಬೀಸುವಾಗ ಸುರುಳಿಯಿಂದ ಬರುವ ಹುರಿ ಮತ್ತೆ ಸುತ್ತಿಕೊಳ್ಳುವಾಗ ಬಹುಮಟ್ಟಿಗೆ ಕಳೆದುಹೋಗುತ್ತದೆಯಾದ್ದರಿಂದ ಅದು ದೊಡ್ಡ ಅಪಾಯವಲ್ಲ. ಅಪಾಯವಿರುವುದು ಮೀನು ಸಿಕ್ಕಿದ ಮೇಲೆ. ದೊಡ್ಡ ಮೀನು ಎಳೆದುಕೊಂಡು ಓಡುವಾಗ ದಾರ ತುಂಡಾಗದಿರಲೆಂದು ಡ್ರ್ಯಾಗು, ಅಂದರೆ ಉರುಳೆಯನ್ನು ಹಿಡಿದಿರುವ ಬಿಗಿ, ಜಾರಿಕೊಟ್ಟು ದಾರವನ್ನು ಬಿಡುತ್ತದೆ. ಆಗ ಮನುಷ್ಯನು ಕೈಕಟ್ಟಿ ನಿಲ್ಲಬೇಕು. ಅವನು ನಿಲ್ಲಲಾರ. ಹಿಡಿಯನ್ನು ತಿರುಗಿಸುತ್ತಲೇ ಇರುತ್ತಾನೆ. ಒಂದು ಗೇಣು ದಾರವೂ ಒಳಗೆ ಬರುವುದಿಲ್ಲ. ಆದರೆ ಐದಕ್ಕೊಂದರ ಹಲ್ಲುಗಾಲಿಯಿದ್ದರೆ ಹಿಡಿಯ ಒಂದೊಂದು ಸುತ್ತಿಗೆ ಐದೈದು ಹುರಿಯಂತೆ ದಾರದೊಳಗೆ ಸೇರುತ್ತ ಹೋಗುತ್ತದೆ. ಆ ದಿನ ಮೀನು ದಡಕ್ಕೆ ಬಂದೀತು, ಫೋಟೋ ತೆಗೆದದ್ದೂ ಆದೀತು; ಮರುದಿನ ಗಾಳಿಯಿಲ್ಲದ ಹೊತ್ತಿನಲ್ಲಿ, ಯಾವ ಕಾರಣವೂ ಕಾಣದೆ, ದಾರ ತನಗೆ ತಾನೇ ಸುತ್ತಿಕೊಂಡು ಗಂಟಾಗುತ್ತದೆ.

ಬೆಕ್ಕಿನ ಮರಿಗೆ ಕೇಡು ಬಂದದ್ದು ಅದು ಸುಮ್ಮನಿದ್ದುದರಿಂದಲ್ಲ, ತಾಯಿಯ ಬಾಯಲ್ಲಿದ್ದುಕೊಂಡೇ ನಡೆಯಲು ಹೋದದ್ದರಿಂದ. ನನ್ನ ಮಾತೆಲ್ಲ ಇಲ್ಲಿ ಬಂದು ನಿಲ್ಲುತ್ತದೆ. ಬೇಟ್‌ಕಾಸ್ಟಿಂಗ್ ರೀಲು ಕೆಡುವುದು ಕೈ ಇರಬೇಕಾದ ಕಡೆ ಇಲ್ಲದಿದ್ದುದರಿಂದ. ಫಿಕ್ಸೆಡ್ ಸ್ಪೂಲು ಕೆಡುವುದು ಕೈ ಇರಬಾರದ ಕಡೆ ಇದ್ದುದರಿಂದ. ಒಂದರ ದೋಷ ಪ್ರಮಾದ, ಇನ್ನೊಂದರದು ಚಾಪಲ್ಯ. ಪ್ರಮಾದಕ್ಕೆ ದಂಡನೆ ಅಲ್ಲಿಯೇ, ಎಲ್ಲರೆದುರಿಗೆ. ಚಾಪಲ್ಯದ ಸಾಲ ಬಡ್ಡಿ ಬೆಳೆದು ಮೇಲೆ ಬರುತ್ತದೆ. ಆದಕಾರಣ ಇವೆರಡರಲ್ಲಿ ಯಾವುದು ಮೇಲು ಎಂದು ಕೇಳುವುದಕ್ಕಿಂತ, ನನ್ನಲ್ಲಿರುವ ದೋಷ ಯಾವುದು ಎಂದು ಕೇಳಿಕೊಳ್ಳುವುದು ನ್ಯಾಯವಾದ ಕ್ರಮ. ನಮ್ಮ ಹಿರಿಯರು ಅಧಿಕಾರಿಭೇದವೆಂದದ್ದೂ ಇದನ್ನೇ. ಜನ ಸಾಮಾನ್ಯವಾಗಿ ಹೇಳುವುದು, ಎಚ್ಚರಿಕೆಯುಳ್ಳವನು ಬೇಟ್‌ಕಾಸ್ಟಿಂಗನ್ನು ಆರಿಸಲಿ, ಚಂಚಲನಾದವನು ಸುಲಭದ್ದನ್ನು ಹಿಡಿಯಲಿ ಎಂದು. ನನಗೆ ಇದು ತಲೆಕೆಳಗಾಗಿ ಕಾಣುತ್ತದೆ. ಕೈ ಸುಮ್ಮನಿರದ ಚಂಚಲನಿಗೇ ಹೆಬ್ಬೆರಳಿನ ಕೆಲಸ ಬೇಕು, ಅವನ ಚಾಪಲ್ಯಕ್ಕೆ ಅದೊಂದು ಸಕ್ರಮವಾದ ಉದ್ಯೋಗ. ಬೀಸಿದ ಮೇಲೆ ಗುಂಡನ್ನೇ ಮರೆತು ದಿಗಂತವನ್ನು ನೋಡುವ ಶಾಂತಸ್ವಭಾವದವನಿಗೆ ಮರೆವನ್ನು ಕ್ಷಮಿಸುವ ಯಂತ್ರವೇ ಸರಿ.

ಸಿದ್ಧಾಂತಕ್ಕೂ ಬದುಕಿಗೂ ಇರುವ ಇಂಥ ವ್ಯತ್ಯಾಸಕ್ಕೆ ಆಚಾರ್ಯರ ಚರಿತ್ರೆಯಲ್ಲಿಯೇ ಒಂದು ನಿದರ್ಶನವಿದೆ. 14ನೆಯ ಶತಮಾನದಲ್ಲಿ ದಿಲ್ಲಿಯ ಸೈನ್ಯ ಶ್ರೀರಂಗದ ಮೇಲೆ ಬಿದ್ದಾಗ, ಸಂಪ್ರದಾಯ ಹೇಳುವಂತೆ, ತೆಂಗಲೆಯವರ ಪರಮಾಚಾರ್ಯರಾದ ಪಿಳ್ಳೈ ಲೋಕಾಚಾರ್ಯರು ವೃದ್ಧಾಪ್ಯದಲ್ಲಿ ಉತ್ಸವಮೂರ್ತಿಯನ್ನು ಕಾಪಾಡಿಕೊಂಡು ತೆಂಕಲಿಗೆ ಹೊರಟು, ಆ ಪ್ರಯಾಣದ ಆಯಾಸದಲ್ಲಿಯೇ ದೇಹವನ್ನು ಬಿಟ್ಟರು; ವಡಗಲೆಯವರ ಪರಮಾಚಾರ್ಯರಾದ ವೇದಾಂತ ದೇಶಿಕರು, ಶ್ರುತಪ್ರಕಾಶಿಕೆಯೆಂಬ ವ್ಯಾಖ್ಯಾನಗ್ರಂಥದ ಓಲೆಗಳನ್ನು ಉಳಿಸಿಕೊಂಡು, ಹೆಣಗಳ ನಡುವೆ ಹೆಣದಂತೆ ಮಿಸುಕದೆ ಮಲಗಿದ್ದು, ಆಮೇಲೆ ನಮ್ಮ ಕೊಳ್ಳೇಗಾಲದ ಬಳಿಯ ಸತ್ಯಾಗಾಲಕ್ಕೆ ಬಂದು ನೆಲೆಸಿದರು. ದೇವರೇ ಜೀವನನ್ನು ಹೊತ್ತೊಯ್ಯುತ್ತಾನೆಂದವರು ದೇವರನ್ನು ಹೊತ್ತರು. ಜೀವನು ತನ್ನ ಕೈಯಿಂದ ಹಿಡಿಯಬೇಕೆಂದವರು ಕೈಕಾಲಾಡಿಸದೆ ಮಲಗಿದರು. ಇದರಿಂದ ಯಾರ ಸಿದ್ಧಾಂತವೂ ಸೋತಿತೆಂದು ನಾನು ತಿಳಿಯೆನು. ತನಗೆ ಒಪ್ಪುವ ನ್ಯಾಯವನ್ನು ಚೆನ್ನಾಗಿ ಅರಿತವನಿಗೇ ಇನ್ನೊಂದು ನ್ಯಾಯದ ಕಾಲ ಬಂದಾಗ ಅದು ತಿಳಿಯುವುದು ಎಂದು ಮಾತ್ರ ತೋರುತ್ತದೆ. ಅವರ ಶಿಷ್ಯಪರಂಪರೆಗಳು ಕಾಂಚಿಯ ವರದರಾಜನ ಸನ್ನಿಧಿಯ ಪಾಠದ ಹಕ್ಕಿಗಾಗಿ ಕೋರ್ಟಿನ ಮೆಟ್ಟಿಲು ಹತ್ತಿದ್ದು ಬೇರೆ ಕತೆ.

ದಾರದ ಆಚೆಯ ತುದಿಯಲ್ಲಿರುವ ಪ್ರಾಣಿಯ ಮಾತೇನು ಎಂದು ಕೇಳುವ ಓದುಗರು ಇದ್ದೇ ಇರುತ್ತಾರೆ, ಇರಬೇಕು. 1653ರಲ್ಲಿ ಗಾಳದ ಮೇಲೆ ಗ್ರಂಥವನ್ನು ಬರೆದು ಅದನ್ನು ಧ್ಯಾನಶೀಲನ ವಿನೋದವೆಂದು ಕರೆದ ಐಸಾಕ್ ವಾಲ್ಟನ್ ದೈವಭಕ್ತ; ಅವನ ಧ್ಯಾನಕ್ಕೆ ಮೀನಿನ ನೋವು ಅಷ್ಟಾಗಿ ಭಂಗ ತಂದಂತೆ ಕಾಣುವುದಿಲ್ಲ. ನನ್ನ ಉಪಮಾನವೂ ಇಲ್ಲಿ ಕುಂಟುತ್ತದೆ: ತಾಯಿ ಮರಿಗಳ ನ್ಯಾಯದಲ್ಲಿ ಕೊಕ್ಕೆಯಿಲ್ಲ. ರೀಲನ್ನು ಕುರಿತ ವಿವೇಕ ಹಿಂಸೆಯ ಪ್ರಶ್ನೆಯನ್ನು ಬಿಡಿಸದು, ಬಿಡಿಸಿತೆಂದು ನಾನು ಹೇಳಿಕೊಳ್ಳುವುದೂ ಇಲ್ಲ.

ಇನ್ನು ವ್ಯವಹಾರ. ಡಂಜನೆಸ್ಸಿನಂಥ ಕಡೆ, ಸೆಳವು ಬಲವಾಗಿದ್ದು, ತಂತಿಯ ಮುಳ್ಳುಗಳಿರುವ ಐದಾರು ಔನ್ಸಿನ ಗುಂಡಲ್ಲದೆ ಬೇರೊಂದು ನೆಲ ಹಿಡಿಯದಿರುವಾಗ, ಬೇಟ್‌ಕಾಸ್ಟಿಂಗ್ ವರ್ಗದ ರೀಲಿಗೆ ತನ್ನ ಸಹಜವಾದ ಅಧಿಕಾರ ಉಂಟು. ಅಷ್ಟು ಭಾರವನ್ನು ಫಿಕ್ಸೆಡ್ ಸ್ಪೂಲಿನಲ್ಲಿ ಬೀಸುವವನು ತೋರುಬೆರಳಿಗೆ ಚರ್ಮದ ಹೊದಿಕೆ ಹಾಕಿಕೊಳ್ಳದಿದ್ದರೆ ಜಾರುವ ದಾರ ಬೆರಳನ್ನೇ ಕೊಯ್ದೀತು. ಯಾವ ರೀಲೇ ಇರಲಿ, ಗುಂಡಿನ ಪ್ರತಿ ಔನ್ಸಿಗೆ 10 ಪೌಂಡು ತಡೆಯುವ ದಪ್ಪ ದಾರವನ್ನು ಮುಂಭಾಗಕ್ಕೆ ಕಟ್ಟಲೇಬೇಕು, ಇಲ್ಲವಾದರೆ ಹರಿದು ಹಾರಿದ ಸೀಸ ಪಕ್ಕದವನ ಪ್ರಾಣಕ್ಕೆ ಎರವಾದೀತು. ಇದರಲ್ಲಿ ಮತಭೇದಕ್ಕೆ ಎಡೆಯಿಲ್ಲ. ನಮ್ಮ ಕರಾವಳಿಯ ಅಳಿವೆಗಳ ಕಲ್ಲುದಂಡೆಗಳ ಮೇಲೆ ನಿಂತು ಹಗುರವಾದ ಹುಸಿಮೀನನ್ನು ಬೀಸುವ ಹುಡುಗರ ಕೈಯಲ್ಲಿ ಹೆಚ್ಚಾಗಿ ಕಾಣುವುದು ಫಿಕ್ಸೆಡ್ ಸ್ಪೂಲು, ಅದು ಯುಕ್ತವೇ ಆಗಿದೆ. ಉರುಳೆಯನ್ನು ನಿದ್ದೆಯಿಂದ ಎಬ್ಬಿಸುವಷ್ಟು ತೂಕ ಆ ಹುಸಿಮೀನಿಗೆ ಇರುವುದಿಲ್ಲ, ಎದುರುಗಾಳಿ ಬೇರೆ. ಈಚಿನ ಬೇಟ್‌ಕಾಸ್ಟಿಂಗ್ ರೀಲುಗಳಲ್ಲಿ ಉರುಳೆಯ ಪಕ್ಕಕ್ಕೆ ಅಯಸ್ಕಾಂತಗಳನ್ನಿಟ್ಟು, ವೇಗ ಹೆಚ್ಚಿದಷ್ಟೂ ತಡೆಯೂ ಹೆಚ್ಚುವಂತೆ ಮಾಡಿದ್ದಾರೆ. ಕೋತಿ ತಾಯಿಯೂ ಒಂದು ಕೈಯನ್ನು ಮರಿಯ ಬೆನ್ನಿಗೆ ಕೊಟ್ಟಂತಾಯಿತು, ಹೆಬ್ಬೆರಳಿಗೆ ಮಾತ್ರ ಪೂರ್ಣ ರಜೆ ಸಿಕ್ಕಿಲ್ಲ. ದೋಣಿಯಲ್ಲಿ ಕುಳಿತು ಗಾಳವನ್ನು ನೆಟ್ಟಗೆ ಕೆಳಗೆ ಇಳಿಸುವವರಿಗೆ ಈ ಚರ್ಚೆಯ ಮುಕ್ಕಾಲು ಪಾಲು ಅನ್ವಯಿಸುವುದಿಲ್ಲ. ಅಲ್ಲಿ ಬೀಸುವ ಮಾತಿಲ್ಲ, ಎತ್ತುವ ಮಾತು. ದಾರ ತೊಂಬತ್ತು ಡಿಗ್ರಿ ತಿರುಗಿ ಬರುವ ಫಿಕ್ಸೆಡ್ ಸ್ಪೂಲಿಗಿಂತ ನೇರವಾಗಿ ಉರುಳೆಗೆ ಸುತ್ತಿಕೊಳ್ಳುವ ರೀಲಿಗೆ ಭಾರವೆತ್ತುವ ಶಕ್ತಿ ಹೆಚ್ಚಾದ್ದರಿಂದ, ಯಾವ ಕಲೆಯವರಾದರೂ ಅದನ್ನೇ ಕೊಳ್ಳುವುದು ಲೇಸು.