ಕೊಟ್ಟ ಮಾತೂ ಏರಿದ ಕ್ರಯವೂ

ಮನೆ ಮಾರುವವನೂ ಕೊಳ್ಳುವವನೂ ಒಂದು ಕ್ರಯಕ್ಕೆ ಒಪ್ಪಿ, ಸಂಚಕಾರದ ಹಣವು ಕೈಸೇರಿದ ಮೇಲೆ, ಕ್ರಯಪತ್ರವಾಗುವ ಮುಂಚೆ ಊರಿನ ಬೆಲೆಗಳು ಏರಿದರೆ ಮಾರುವವನು ಹಿಂದೆಗೆಯಬಹುದೋ? ಈ ಪ್ರಶ್ನೆಯು ನಮ್ಮ ಹಳ್ಳಿಗಳಿಗೆ ದೂರವಾದದ್ದಲ್ಲ. ದೇವನಹಳ್ಳಿಯ ಬಳಿಯಲ್ಲಿ 2008ರಲ್ಲಿ ವಿಮಾನನಿಲ್ದಾಣವು ತೆರೆದ ಬಳಿಕ ಸುತ್ತಲಿನ ಹಳ್ಳಿಗಳಲ್ಲಿ ನೆಲದ ಬೆಲೆಯು ಬಹಳವಾಗಿ ಏರಿತು. ಹೆದ್ದಾರಿಯೋ ಕಾರ್ಖಾನೆಯೋ ಬರುವದೆಂಬ ಸುದ್ದಿ ಹುಟ್ಟಿದಲ್ಲಿಯೂ ಹೀಗೆಯೇ ಆಗುವದುಂಟು. ನಿನ್ನೆ 10 ಲಕ್ಷ ರೂಪಾಯಿಗೆ ಒಪ್ಪಿದ ಮನೆಗೆ ಇಂದು ದಲ್ಲಾಳಿಯು 14 ಲಕ್ಷವೆಂದು ಹೇಳುತ್ತಾ ಬಾಗಲಲ್ಲಿ ನಿಲ್ಲುವನು. ಆ ಹೆಚ್ಚಿನ ಹಣದಿಂದ ಸಾಲವೂ ತೀರುವದು, ಮಗಳ ಮದುವೆಯೂ ಆಗುವದು. ಈ ಶೋಧನೆಯು ದುಷ್ಟರಿಗೆ ಮಾತ್ರ ಬರುವಂಥದಲ್ಲ. ಕಷ್ಟದಲ್ಲಿರುವ ಒಳ್ಳೆಯವರಿಗೂ ಬರುವಂಥದು.

ಹಿಂದೆಗೆಯುವವನು ಎರಡು ನ್ಯಾಯಗಳನ್ನು ಹೇಳುವನು. ಮೊದಲನೆಯದು, ಮನೆಯು ಇನ್ನೂ ನನ್ನದೇ ಎಂಬದು. ಅದು ನಿಜ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ ಪ್ರಕಾರ ಬರೀ ಕರಾರಿನಿಂದ ಕೊಳ್ಳುವವನಿಗೆ ಸ್ವತ್ತಿನಲ್ಲಿ ಹಕ್ಕು ಹುಟ್ಟುವದಿಲ್ಲ. ಆದರೆ ಮನೆ ಯಾರದೆಂಬದು ಒಂದು ಪ್ರಶ್ನೆ, ಮಾತು ಯಾರದೆಂಬದು ಬೇರೊಂದು. ಮನೆಯು ಅವನದಾಗಿರಬಹುದು; ಮಾತನ್ನಾದರೋ ಅವನು ಆಗಲೇ ಕೊಟ್ಟುಬಿಟ್ಟಿದ್ದಾನೆ.

ಎರಡನೆಯದು, ಸಂಚಕಾರವನ್ನು ಹಿಂದಕ್ಕೆ ಕೊಟ್ಟರೆ ಯಾರಿಗೂ ನಷ್ಟವಿಲ್ಲವೆಂಬದು. ಆಲೋಚಿಸಿ ನೋಡೋಣ. ಕೊಳ್ಳುವವನು ಆ ಮಾತನ್ನು ನಂಬಿ ಬೇರೆ ಮನೆಯನ್ನು ಬಿಟ್ಟನು. ಹೆಂಡತಿಯ ಒಡವೆಯನ್ನು ಮಾರಿದನು. ಈಗ ಅವನ ಹಣವು ಅವನಿಗೆ ಸಿಕ್ಕಿದರೂ ಅದರಿಂದ ಅಂಥ ಮನೆಯು ಸಿಕ್ಕುವದಿಲ್ಲ. ಯಾಕಂದರೆ ಮಾರುವವನಿಗೆ ಆಶೆ ಹುಟ್ಟಿಸಿದ ಅದೇ ಏರಿಕೆಯು ಊರಿನ ಎಲ್ಲಾ ಬಾಗಲುಗಳನ್ನೂ ಅವನಿಗೆ ಮುಚ್ಚಿತು. ರೂಪಾಯಿಗಳ ಲೆಕ್ಕ ಸರಿಯಾದರೂ ಮನೆಯ ಲೆಕ್ಕ ಸರಿಯಾಗಲಿಲ್ಲ.

ಬೆಲೆಯು ಬದಲಾಗದಿದ್ದರೆ ಮಾತು ಕೊಡುವ ಅಗತ್ಯವೇ ಇರುತ್ತಿರಲಿಲ್ಲ. ನಾಳೆ ಏನಾಗುವದೋ ತಿಳಿಯದ್ದರಿಂದಲೇ ಮನುಷ್ಯರು ಇಂದು ಒಬ್ಬರಿಗೊಬ್ಬರು ಮಾತು ಕೊಡುತ್ತಾರೆ. ಲಾಭವಿರುವ ತನಕ ಮಾತ್ರ ನಿಲ್ಲುವ ಮಾತು ಮಾತೇ ಅಲ್ಲ. ದೇವರ ಗುಡಾರದಲ್ಲಿ ತಂಗತಕ್ಕವನು ಯಾರೆಂದು ವಿಚಾರಿಸುವ 15ನೆಯ ಕೀರ್ತನೆಯು, ನಷ್ಟ ಬಂದರೂ ಮಾತಿಗೆ ತಪ್ಪದವನನ್ನು ಅಂಥವರೊಳಗೆ ಎಣಿಸುತ್ತದೆ.

ಈ ನಿಯಮವು ಮಾರುವವನಿಗೆ ಮಾತ್ರವಲ್ಲ. ಬೆಲೆಯು ಇಳಿದಾಗ ಕೊಳ್ಳುವವನು ಕುಂಟುನೆಪ ಹುಡುಕಬಾರದು. ಯೆರೂಸಲೇಮು ಬಾಬೆಲಿನ ದಂಡಿನಿಂದ ಸುತ್ತುವರಿಯಲ್ಪಟ್ಟು, ನೆಲಕ್ಕೆ ಬೆಲೆಯೇ ಇಲ್ಲವೆಂದು ಕಂಡ ಕಾಲದಲ್ಲಿ, ಯೆರೆಮೀಯನು ದಾಯಾದಿಯಾದ ಹನಮೇಲನಿಂದ ಅನಾತೋತಿನ ಹೊಲವನ್ನು ಕೊಂಡು, 17 ಶೆಕೆಲ್ ಬೆಳ್ಳಿಯನ್ನು ಸಾಕ್ಷಿಗಳ ಮುಂದೆ ತೂಗಿಕೊಟ್ಟನು.

ಆದರೆ ಬರಲಿರುವ ರಸ್ತೆಯ ಸುದ್ದಿಯು ಕೊಳ್ಳುವವನಿಗೆ ಮೊದಲೇ ಗೊತ್ತಿದ್ದು, ಮಾರುವ ವಿಧವೆಗೆ ಗೊತ್ತಿಲ್ಲದಿದ್ದರೆ ಏನು? ಯಾಜಕಕಾಂಡದ 25ನೆಯ ಅಧ್ಯಾಯದಲ್ಲಿ ಹೊಲದ ಕ್ರಯವನ್ನು ಜೂಬಿಲಿಯ ತನಕ ಉಳಿದ ವರುಷಗಳ ಬೆಳೆಯಂತೆ ಎಣಿಸಬೇಕೆಂದು ವಿಧಿಸಿದೆ. ಆ ವರುಷಗಳ ಲೆಕ್ಕವು ಇಬ್ಬರಿಗೂ ಗೊತ್ತಿತ್ತು. ಒಬ್ಬನು ಕಣ್ಣು ತೆರೆದೂ ಇನ್ನೊಬ್ಬನು ಕಣ್ಣು ಕಟ್ಟಿಕೊಂಡೂ ವ್ಯಾಪಾರ ಮಾಡಲಿಲ್ಲ. ಆದದರಿಂದ ಸುದ್ದಿಯನ್ನು ಬಚ್ಚಿಟ್ಟು ಕೊಂಡವನು ವಿಧವೆಯ ಮಾತನ್ನು ಹಿಡಿದು ಆಕೆಯನ್ನು ಬಾಧಿಸಬಾರದು. ತಾನೇ ಹೋಗಿ ಸಂಗತಿಯನ್ನು ತಿಳಿಸಿ, ಕ್ರಯವನ್ನು ಹೊಸದಾಗಿ ಮಾತಾಡಿಕೊಳ್ಳಬೇಕು. ಇಬ್ಬರೂ ಅರಿಯದೆ ಒಪ್ಪಿದ್ದರೆ ಮಾತು ನಿಲ್ಲಬೇಕು. ಮಾರುವವನು ತನ್ನ ಕಷ್ಟವನ್ನು ಹೇಳಿ ಕೇಳಿಕೊಳ್ಳಬಹುದು, ಬಲವಂತ ಮಾಡಬಾರದು. ಕೊಳ್ಳುವವನು ಕನಿಕರಪಟ್ಟು ಏನಾದರೂ ಹೆಚ್ಚು ಕೊಟ್ಟರೆ ಅದು ಪ್ರೀತಿಯ ಕ್ರಿಯೆ.

ಆದಕಾರಣ ಸಹೋದರರೇ, ಮಾತು ಕೊಡುವ ಮುಂಚೆ ನಿಧಾನಿಸಿರಿ. ನೆರೆಯ ಬೆಲೆಗಳನ್ನು ವಿಚಾರಿಸಿರಿ. ಕ್ರಯವನ್ನೂ ವಾಯಿದೆಯನ್ನೂ ಹಿರಿಯರ ಮುಂದೆ ಕರಾರುಪತ್ರದಲ್ಲಿ ಬರೆಯಿಸಿರಿ. ಕೊಟ್ಟ ಮೇಲೆ ನಿಲ್ಲಿರಿ. ಕ್ರೈಸ್ತನ ಮಾತಿಗೆ ಕಾಗದ ಬೇಕಾಗಿಲ್ಲವೆಂದು ನೆರೆಯವರು ಹೇಳುವಂತಾದರೆ, 4 ಲಕ್ಷವನ್ನು ಬಿಟ್ಟ ಮನೆತನವು ಬಡವಾಗಲಿಲ್ಲ. ನಮ್ಮ ಕರ್ತನು ನಮಗೆ ಕೊಟ್ಟ ಮಾತಿಗಾಗಿ ಎಷ್ಟು ಕ್ರಯವನ್ನು ತೆತ್ತನೆಂಬದನ್ನು ನೆನಸೋಣ.